ಪರದೆಯ ಮೇಲೆ ತಿರುಗುವ ಗುಂಡಿ

ರೇಡಿಯೋದ ಧ್ವನಿಯನ್ನು ಏರಿಸಲು, ಪ್ರಯೋಗಶಾಲೆಯ ವಿದ್ಯುತ್ ಪೂರೈಕೆ ಪೆಟ್ಟಿಗೆಯಲ್ಲಿ ವೋಲ್ಟೇಜನ್ನು ಹೊಂದಿಸಲು ನಾವು ತಿರುಗುವ ಗುಂಡಿಯನ್ನು ಬಳಸುತ್ತೇವೆ. ಇಂತಹ ಹಲವು ಗುಂಡಿಗಳ ಹಿಂದೆ ಪೊಟೆನ್ಷಿಯೋಮೀಟರ್ ಎಂಬ ಬಿಡಿಭಾಗ ಇರುತ್ತದೆ. ಸಾಮಾನ್ಯ ಪೊಟೆನ್ಷಿಯೋಮೀಟರ್ ಪೂರ್ಣ ಸುತ್ತು ತಿರುಗುವುದಿಲ್ಲ. ಸುಮಾರು 270ರಿಂದ 300 ಡಿಗ್ರಿ ತಿರುಗಿದ ಮೇಲೆ ಒಳಗಿನ ತಡೆಯೊಂದು ಅದನ್ನು ನಿಲ್ಲಿಸುತ್ತದೆ. ಆದ್ದರಿಂದ ಕನಿಷ್ಠ ಬೆಲೆಯಿಂದ ಒಮ್ಮೆಲೇ ಗರಿಷ್ಠ ಬೆಲೆಗೆ ಜಿಗಿಯುವುದು ಸಾಧ್ಯವೇ ಇಲ್ಲ. ನಡುವಿನ ಬೆಲೆಗಳನ್ನೆಲ್ಲ ದಾಟಿಯೇ ಹೋಗಬೇಕು.

ಗಣಕದ ಪರದೆಯ ಮೇಲೆ ಚಿತ್ರಿಸಿದ ಗುಂಡಿಗೆ ಇಂತಹ ತಡೆ ಇರುವುದಿಲ್ಲ. ನೋಡಲು ಅದು ನಿಜವಾದ ಗುಂಡಿಯಂತೆಯೇ ಕಂಡರೂ ಅದರ ನಡತೆಯನ್ನು ತಂತ್ರಾಂಶ ಬರೆಯುವವರೇ ನಿರ್ಧರಿಸಬೇಕು. ಹೇಗೆ ನಿರ್ಧರಿಸುತ್ತಾರೆ? ಸಿದ್ಧವಾಗಿ ಸಿಗುವ ಗುಂಡಿಯ ನಡತೆ ನಮಗೆ ಒಪ್ಪಿಗೆಯಾಗದಿದ್ದರೆ ಅದನ್ನು ಬದಲಿಸುವುದು ಹೇಗೆ? ಇದಕ್ಕೆ ಬೇಕಾದ ಗಣಿತ ಪದವಿಪೂರ್ವ ತರಗತಿಯ ತ್ರಿಕೋನಮಿತಿಗಿಂತ ಹೆಚ್ಚೇನಲ್ಲ.

ಕ್ಯೂಟಿ ಮತ್ತು ಅದರ ಡಯಲ್

ಗಣಕದ ಪರದೆಯಲ್ಲಿ ಕಾಣುವ ಕಿಟಕಿ, ಪಟ್ಟಿ, ಬಟನ್ ಮುಂತಾದವನ್ನು ಪ್ರತಿಯೊಬ್ಬ ಪ್ರೋಗ್ರಾಮರ್ ಮೊದಲಿನಿಂದ ಬರೆಯಬೇಕಾಗಿಲ್ಲ. ಅವುಗಳ ಸಿದ್ಧ ಸಂಗ್ರಹಗಳಿವೆ. ನಾರ್ವೆಯ ಹಾವರ್ಡ್ ನೋರ್ಡ್ ಮತ್ತು ಐರಿಕ್ ಷಾಂಬೆ-ಎಂಗ್ ರೂಪಿಸಿದ, 1995ರಲ್ಲಿ ಮೊದಲು ಬಿಡುಗಡೆಯಾದ ‘ಕ್ಯೂಟಿ’ ಇಂತಹ ಒಂದು ಸಂಗ್ರಹ. ಇದನ್ನು ಸಿ++ ಭಾಷೆಯಲ್ಲಿ ಬರೆಯಲಾಗಿದ್ದರೂ ಪೈಥಾನ್ ಭಾಷೆಯಿಂದಲೂ ಬಳಸಬಹುದು. ಇದರಲ್ಲಿರುವ ತಿರುಗುವ ಗುಂಡಿಯ ಹೆಸರು ‘ಕ್ಯೂಡಯಲ್’. ಇನ್ನು ಮುಂದೆ ಇದನ್ನು ಸರಳವಾಗಿ ಡಯಲ್ ಎನ್ನೋಣ.

ಡಯಲ್‌ಗೆ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ನಾವು ಕೊಡಬಹುದು. ಕೊಡದಿದ್ದರೆ ಅದು 0 ಮತ್ತು 99 ಎಂದು ತಾನೇ ಇಟ್ಟುಕೊಳ್ಳುತ್ತದೆ. ಕೀಲಿಮಣೆಯ ಬಾಣದ ಕೀಲಿ ಒತ್ತಿದರೆ 1ರಷ್ಟು, ಪೇಜ್ ಅಪ್ ಅಥವಾ ಪೇಜ್ ಡೌನ್ ಒತ್ತಿದರೆ 10ರಷ್ಟು ಬೆಲೆ ಬದಲಾಗುತ್ತದೆ. ಈ ಹೆಜ್ಜೆಗಳನ್ನೂ ಬದಲಿಸಬಹುದು. ಡಯಲ್ ಪೂರ್ಣಾಂಕಗಳನ್ನು ಮಾತ್ರ ಬಲ್ಲದು. −5ರಿಂದ +5 ವೋಲ್ಟ್‌ವರೆಗೆ ನೂರನೇ ಒಂದು ವೋಲ್ಟ್‌ನ ಹೆಜ್ಜೆ ಬೇಕಿದ್ದರೆ −500ರಿಂದ +500ರವರೆಗೆ ವ್ಯಾಪ್ತಿ ಕೊಟ್ಟು, ಬಂದ ಬೆಲೆಯನ್ನು 100ರಿಂದ ಭಾಗಿಸಬೇಕು.

ಕೋನದಿಂದ ಬೆಲೆ

ಮೌಸ್‌ನ ಎಡಗುಂಡಿಯನ್ನು ಡಯಲ್‌ನ ಮೇಲೆ ಒತ್ತಿದಾಗ ತಂತ್ರಾಂಶಕ್ಕೆ ತಿಳಿಯುವುದು ಆ ಬಿಂದುವಿನ ಅಡ್ಡ ಮತ್ತು ಲಂಬ ನಿರ್ದೇಶಾಂಕಗಳು ಮಾತ್ರ. ಡಯಲ್‌ನ ಕೇಂದ್ರದಿಂದ ಆ ಬಿಂದುವಿಗೆ ಒಂದು ರೇಖೆ ಎಳೆದರೆ ಅದು ಬಲಗಡೆಯ ಅಡ್ಡರೇಖೆಯೊಡನೆ ಮಾಡುವ ಕೋನವನ್ನು ಕಂಡುಹಿಡಿಯಬೇಕು. ಪರದೆಯ ಲಂಬ ನಿರ್ದೇಶಾಂಕ ಕೆಳಮುಖವಾಗಿ ಹೆಚ್ಚುತ್ತದೆ ಎಂಬುದನ್ನು ಗಮನಿಸಿ. ಆದ್ದರಿಂದ ಮೊದಲು ಅದರ ಚಿಹ್ನೆಯನ್ನು ಬದಲಿಸಿಕೊಳ್ಳಬೇಕು.

ಲಂಬ ದೂರವನ್ನು ಅಡ್ಡ ದೂರದಿಂದ ಭಾಗಿಸಿ ವಿಲೋಮ ಟ್ಯಾನ್ ತೆಗೆದರೆ ಕೋನ ಸಿಗುತ್ತದೆ ಎಂದು ನೀವು ಹೇಳಬಹುದು. ಆದರೆ ಎರಡೂ ದೂರಗಳು ಧನವಾಗಿದ್ದರೂ, ಎರಡೂ ಋಣವಾಗಿದ್ದರೂ ಭಾಗಲಬ್ಧ ಒಂದೇ. ಮೊದಲನೆಯ ಪಾದ ಯಾವುದು, ಮೂರನೆಯದು ಯಾವುದು ಎಂದು ಗೊತ್ತಾಗುವುದಿಲ್ಲ. ಇದಕ್ಕಾಗಿ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎರಡು ದೂರಗಳನ್ನೂ ಬೇರೆಬೇರೆಯಾಗಿ ಪಡೆಯುವ ‘ಏಟ್ಯಾನ್2’ ಎಂಬ ಫಲನವಿದೆ. ಅದು −180ರಿಂದ +180 ಡಿಗ್ರಿಯ ನಡುವಿನ ಸರಿಯಾದ ಕೋನವನ್ನು ರೇಡಿಯನ್‌ಗಳಲ್ಲಿ ಕೊಡುತ್ತದೆ. ಕೋನ −90 ಡಿಗ್ರಿಗಿಂತ ಕಡಿಮೆಯಿದ್ದರೆ ಡಯಲ್ ಅದಕ್ಕೆ 360 ಸೇರಿಸುತ್ತದೆ. ಹೀಗೆ ಕೋನಗಳು −90ರಿಂದ 270 ಡಿಗ್ರಿಯವರೆಗೆ ಹರಡುತ್ತವೆ.

ಡಯಲ್‌ನ ಕನಿಷ್ಠ ಬೆಲೆ 240 ಡಿಗ್ರಿಯಲ್ಲಿ, ಅಂದರೆ ಕೆಳಗೆ ಎಡಭಾಗದಲ್ಲಿದೆ. ಗರಿಷ್ಠ ಬೆಲೆ −60 ಡಿಗ್ರಿಯಲ್ಲಿ, ಕೆಳಗೆ ಬಲಭಾಗದಲ್ಲಿದೆ. ನಡುವಿನ ಓಟ 300 ಡಿಗ್ರಿ. ವ್ಯಾಪ್ತಿ 0ರಿಂದ 100 ಆದರೆ ಸೂತ್ರ ಹೀಗಿದೆ:

ಬೆಲೆ = 100 × (240 − ಕೋನ) ÷ 300

ಮೌಸ್ ನೇರ ಎಡಗಡೆ ಇದ್ದರೆ (180 ಡಿಗ್ರಿ) ಬೆಲೆ 20. ನೇರ ಮೇಲೆ ಇದ್ದರೆ (90 ಡಿಗ್ರಿ) 50. ನೇರ ಬಲಗಡೆ ಇದ್ದರೆ (0 ಡಿಗ್ರಿ) 80. ಸೂತ್ರದಿಂದ ಬಂದ ಬೆಲೆ 100 ಮೀರಿದರೆ 100 ಎಂದೂ, 0ಗಿಂತ ಕಡಿಮೆಯಾದರೆ 0 ಎಂದೂ ಡಯಲ್ ಅದನ್ನು ಕಟ್ಟಿಹಾಕುತ್ತದೆ.

ತೊಡಕು ಎಲ್ಲಿದೆ?

ಕೆಳಭಾಗದಲ್ಲಿ ಉಳಿದಿರುವ 60 ಡಿಗ್ರಿಯ ಖಾಲಿ ಜಾಗವನ್ನು ನೋಡಿ. ಮೌಸನ್ನು ಪ್ರದಕ್ಷಿಣವಾಗಿ ಎಳೆಯುತ್ತ −60 ಡಿಗ್ರಿ ದಾಟಿದರೂ ಬೆಲೆ 100 ಆಗಿಯೇ ಇರುತ್ತದೆ. −89 ಡಿಗ್ರಿಯಲ್ಲೂ ಅಷ್ಟೇ. ಇನ್ನೆರಡು ಡಿಗ್ರಿ ಮುಂದೆ ಹೋದರೆ ಕೋನ −91 ಆಗುತ್ತದೆ. ಡಯಲ್ ಅದನ್ನು 269 ಎಂದು ಓದುತ್ತದೆ. ಸೂತ್ರದಲ್ಲಿ ಹಾಕಿದರೆ ಸೊನ್ನೆಗಿಂತ ಕಡಿಮೆ ಸಂಖ್ಯೆ ಬರುತ್ತದೆ, ಬೆಲೆ 0 ಆಗುತ್ತದೆ! ಕೈ ಸರಿದದ್ದು ಎರಡೇ ಡಿಗ್ರಿ, ಬೆಲೆ ಜಿಗಿದದ್ದು ಇಡೀ ವ್ಯಾಪ್ತಿ. ಹಿಮ್ಮುಖವಾಗಿ ಎಳೆದರೆ 0ಯಿಂದ 100ಕ್ಕೆ ಜಿಗಿಯುತ್ತದೆ. ಅಷ್ಟೇ ಅಲ್ಲ, ಡಯಲ್‌ನ ಯಾವುದೇ ಕಡೆ ಸುಮ್ಮನೆ ಕ್ಲಿಕ್ ಮಾಡಿದರೂ ಬೆಲೆ ಅಲ್ಲಿಗೆ ಹಾರುತ್ತದೆ.

ಚಿತ್ರದ ಹೊಳಪನ್ನು ಬದಲಿಸುವಾಗ ಇದು ದೊಡ್ಡ ವಿಷಯವಲ್ಲ. ಆದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರಿಗೆ ಧ್ವನಿ ಸೊನ್ನೆಯಿಂದ ಪೂರ್ಣಕ್ಕೆ ಏರಿದರೆ? ನವದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸೆಲರೇಟರ್ ಸೆಂಟರ್ ರೂಪಿಸಿದ ‘ಎಕ್ಸ್‌ಪೈಸ್’ನಂತಹ ಕಲಿಕಾ ಸಾಧನಗಳಲ್ಲಿ ವೋಲ್ಟೇಜನ್ನು ಗಣಕದಿಂದಲೇ ಹೊಂದಿಸುತ್ತೇವೆ, ಅದಕ್ಕೆ ಪೈಥಾನ್‌ನಲ್ಲಿ ಸ್ವಂತ ಪ್ರೋಗ್ರಾಂ ಬರೆಯಬಹುದು. ಡಯೋಡ್‌ನ ಲಕ್ಷಣರೇಖೆಗಾಗಿ ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸುವಾಗ ಇಂತಹ ಜಿಗಿತ ಬಂದರೆ ಅಳತೆಗಳು ಕೆಡುತ್ತವೆ. ಸರಣಿಯಲ್ಲಿ ತಕ್ಕ ರೋಧಕ ಇಲ್ಲದಿದ್ದರೆ ಎಲ್‌ಇಡಿ ಸುಟ್ಟೂ ಹೋಗಬಹುದು.

ಸಿದ್ಧ ಆಯ್ಕೆಗಳಿಂದ ಎಷ್ಟು ಸಾಧ್ಯ?

ಡಯಲ್‌ನಲ್ಲಿ ‘ವ್ರ್ಯಾಪಿಂಗ್’ ಎಂಬ ಆಯ್ಕೆಯಿದೆ. ಅದನ್ನು ಜಾರಿಮಾಡಿದರೆ ಖಾಲಿ ಜಾಗ ಮಾಯವಾಗಿ ಡಯಲ್ ಪೂರ್ಣ 360 ಡಿಗ್ರಿ ಸುತ್ತುತ್ತದೆ. ದಿಕ್ಕು, ಕೋನಗಳಂತಹ, ಕೊನೆಯೇ ಆದಿಯಾಗುವ ಪರಿಮಾಣಗಳಿಗೆ ಇದು ಯೋಗ್ಯ. ಆಗ ಸೊನ್ನೆ ಇರುವುದು ನೇರ ಕೆಳಗೆ. ದಿಕ್ಸೂಚಿಯಲ್ಲಿ ಉತ್ತರ ಮೇಲಿರಬೇಕು. ವ್ಯಾಪ್ತಿಯನ್ನು 0ರಿಂದ 360 ಎಂದು ಕೊಟ್ಟು, ಬಂದ ಬೆಲೆಗೆ 180 ಕೂಡಿಸಿ 360ರಿಂದ ಭಾಗಿಸಿದಾಗ ಉಳಿಯುವ ಶೇಷವೇ ದಿಕ್ಕು. ನೇರ ಬಲಗಡೆ ಡಯಲ್‌ನ ಬೆಲೆ 270. 180 ಕೂಡಿಸಿದರೆ 450. ಶೇಷ 90, ಅಂದರೆ ಪೂರ್ವ. ಸರಿಯಾಗಿದೆಯಲ್ಲವೇ?

‘ಟ್ರ್ಯಾಕಿಂಗ್’ ಇನ್ನೊಂದು ಆಯ್ಕೆ. ಅದನ್ನು ನಿಲ್ಲಿಸಿದರೆ ಎಳೆಯುತ್ತಿರುವಾಗ ಬೆಲೆ ಬದಲಾಗುವುದಿಲ್ಲ, ಮೌಸ್‌ನ ಗುಂಡಿ ಬಿಟ್ಟ ಮೇಲೆ ಒಮ್ಮೆ ಮಾತ್ರ ಬದಲಾಗುತ್ತದೆ. ನಿಧಾನವಾಗಿ ಸ್ಪಂದಿಸುವ ಉಪಕರಣಗಳಿಗೆ ಇದು ಅನುಕೂಲ. ಆದರೆ ಧ್ವನಿ ಅಥವಾ ವೋಲ್ಟೇಜ್‌ಗೆ ವ್ರ್ಯಾಪಿಂಗ್ ಸಲ್ಲದು, ಟ್ರ್ಯಾಕಿಂಗ್ ನಿಲ್ಲಿಸಿದರೂ ಜಿಗಿತ ತಪ್ಪುವುದಿಲ್ಲ. ಇಲ್ಲಿ ಡಯಲ್‌ನ ನಡತೆಯನ್ನೇ ಬದಲಿಸಬೇಕು.

ಸ್ಥಾನವಲ್ಲ, ತಿರುವು

ಜಿಗಿತದ ಮೂಲ ಕಾರಣ ಇಷ್ಟೇ: ಡಯಲ್ ‘ಮೌಸ್ ಎಲ್ಲಿದೆ?’ ಎಂದು ಕೇಳುತ್ತದೆ. ನಿಜವಾದ ಗುಂಡಿಯನ್ನು ತಿರುಗಿಸುವಾಗ ಬೆರಳು ಎಲ್ಲಿ ಹಿಡಿದಿದೆ ಎಂಬುದು ಮುಖ್ಯವಲ್ಲ, ಎಷ್ಟು ತಿರುಗಿಸಿದೆವು ಎಂಬುದು ಮುಖ್ಯ. ನಮ್ಮ ಪ್ರೋಗ್ರಾಂ ಕೂಡ ಇದನ್ನೇ ಕೇಳಬೇಕು. ಅದಕ್ಕಾಗಿ ಡಯಲ್‌ನ ಉಳಿದ ಗುಣಗಳನ್ನೆಲ್ಲ ಹಾಗೆಯೇ ಪಡೆದ ಹೊಸ ಕ್ಲಾಸ್ ಒಂದನ್ನು ರಚಿಸಿ, ಮೌಸ್‌ಗೆ ಸಂಬಂಧಿಸಿದ ಕ್ರಿಯೆಗಳನ್ನು ಮಾತ್ರ ಹೊಸದಾಗಿ ಬರೆಯುತ್ತೇವೆ.

1. ಮೌಸ್ ಒತ್ತಿದಾಗ ಬೆಲೆಯನ್ನು ಬದಲಿಸಬೇಡಿ. ಆಗಿನ ಕೋನವನ್ನು ‘ಹಿಂದಿನ ಕೋನ’ ಎಂದೂ, ಡಯಲ್‌ನ ಬೆಲೆಯನ್ನು ದಶಮಾಂಶ ಸಂಖ್ಯೆಯಾಗಿ ‘ಸಂಚಯ’ ಎಂದೂ ಇಟ್ಟುಕೊಳ್ಳಿ.

2. ಮೌಸ್ ಸರಿದಾಗ ಹೊಸ ಕೋನ ಕಂಡುಹಿಡಿದು, ಹಿಂದಿನ ಕೋನದಿಂದ ಅದನ್ನು ಕಳೆಯಿರಿ. ಇದೇ ತಿರುವು.

3. ತಿರುವು 180ಕ್ಕಿಂತ ಹೆಚ್ಚಿದ್ದರೆ 360 ಕಳೆಯಿರಿ. −180ಕ್ಕಿಂತ ಕಡಿಮೆಯಿದ್ದರೆ 360 ಕೂಡಿಸಿ.

4. ತಿರುವನ್ನು ವ್ಯಾಪ್ತಿಯಿಂದ ಗುಣಿಸಿ 300ರಿಂದ ಭಾಗಿಸಿ, ಬಂದದ್ದನ್ನು ಸಂಚಯಕ್ಕೆ ಕೂಡಿಸಿ. ಸಂಚಯ ಮಿತಿ ಮೀರದಂತೆ ಕಟ್ಟಿಹಾಕಿ.

5. ಸಂಚಯವನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು ಡಯಲ್‌ಗೆ ಕೊಡಿ. ಹೊಸ ಕೋನವನ್ನು ಹಿಂದಿನ ಕೋನವಾಗಿಸಿ.

ಹಳೆಯ ಉದಾಹರಣೆಯನ್ನೇ ಪರೀಕ್ಷಿಸೋಣ. ಹಿಂದಿನ ಕೋನ −89, ಹೊಸದು 269. ವ್ಯತ್ಯಾಸ −358. ಮೂರನೆಯ ಹೆಜ್ಜೆಯಂತೆ 360 ಕೂಡಿಸಿದರೆ 2 ಡಿಗ್ರಿ. ಸಂಚಯ ಆಗಲೇ 100ರಲ್ಲಿದ್ದರೆ ಅಲ್ಲೇ ನಿಲ್ಲುತ್ತದೆ. ಜಿಗಿತವಿಲ್ಲ! ಪೊಟೆನ್ಷಿಯೋಮೀಟರಿನ ತಡೆ ಈಗ ಲೆಕ್ಕದ ರೂಪದಲ್ಲಿ ಮರಳಿ ಬಂದಿದೆ.

ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಸಂಚಯವನ್ನು ದಶಮಾಂಶದಲ್ಲೇ ಇಡಬೇಕು. ಒಂದು ಡಿಗ್ರಿ ತಿರುವಿಗೆ ಬರುವುದು 0.33 ಮಾತ್ರ, ಪ್ರತಿಸಲ ಪೂರ್ಣಾಂಕ ಮಾಡಿದರೆ ಅದು ಸೊನ್ನೆಯಾಗಿ, ನಿಧಾನವಾಗಿ ಎಳೆದಾಗ ಡಯಲ್ ಅಲುಗುವುದೇ ಇಲ್ಲ. ಎರಡನೆಯದು, ಕೇಂದ್ರಕ್ಕೆ ತೀರ ಸಮೀಪದಲ್ಲಿ ಒಂದೆರಡು ಪಿಕ್ಸೆಲ್ ಸರಿದರೂ ಕೋನ ಬಹಳ ಬದಲಾಗುತ್ತದೆ. ಅಲ್ಲಿನ ಚಲನೆಯನ್ನು ಕಡೆಗಣಿಸುವುದು ಲೇಸು. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮೌಸ್ ಬಿಟ್ಟಾಗಲೂ ಮೂಲ ಡಯಲ್ ಅದರ ಸ್ಥಾನದಿಂದ ಬೆಲೆಯನ್ನು ಮತ್ತೊಮ್ಮೆ ಲೆಕ್ಕ ಹಾಕುತ್ತದೆ. ಆದ್ದರಿಂದ ಒತ್ತುವ, ಎಳೆಯುವ ಕ್ರಿಯೆಗಳ ಜೊತೆಗೆ ಬಿಡುವ ಕ್ರಿಯೆಯನ್ನೂ ಹೊಸದಾಗಿ ಬರೆಯಬೇಕು. ಇಲ್ಲದಿದ್ದರೆ ತಪ್ಪಿಸಿದ ಜಿಗಿತ ಕೊನೆಯ ಕ್ಷಣದಲ್ಲಿ ಬಂದೇ ಬರುತ್ತದೆ.

ಸೂಕ್ಷ್ಮ ಹೊಂದಾಣಿಕೆ

50 ಪಿಕ್ಸೆಲ್ ತ್ರಿಜ್ಯದ ಡಯಲ್‌ನಲ್ಲಿ 300 ಡಿಗ್ರಿಯ ಕಂಸದ ಉದ್ದ ಸುಮಾರು 262 ಪಿಕ್ಸೆಲ್. ವೋಲ್ಟೇಜ್‌ನ 1000 ಹೆಜ್ಜೆಗಳು ಇಷ್ಟರಲ್ಲಿ ಹಿಡಿಯಬೇಕೆಂದರೆ ಒಂದು ಪಿಕ್ಸೆಲ್‌ಗೆ ಸುಮಾರು 4 ಹೆಜ್ಜೆ. ಬೇಕಾದ ಬೆಲೆಯಲ್ಲಿ ನಿಲ್ಲಿಸುವುದು ಕಷ್ಟ. ಗುಂಡಿ ಒತ್ತಿಹಿಡಿದು ಮೌಸನ್ನು ಕೇಂದ್ರದಿಂದ 200 ಪಿಕ್ಸೆಲ್ ದೂರ ಒಯ್ದು ತಿರುಗಿಸಿದರೆ ಕಂಸ ನಾಲ್ಕು ಪಟ್ಟು ಉದ್ದವಾಗುತ್ತದೆ, ಒಂದು ಪಿಕ್ಸೆಲ್‌ಗೆ ಸುಮಾರು ಒಂದೇ ಹೆಜ್ಜೆ. ಶಿಫ್ಟ್ ಕೀಲಿ ಒತ್ತಿದಾಗ ತಿರುವನ್ನು 10ರಿಂದ ಭಾಗಿಸುವಂತೆ ನಾಲ್ಕನೆಯ ಹೆಜ್ಜೆಯಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು. ಸಂಗೀತ ಮುದ್ರಣದ ‘ಕ್ಯೂಬೇಸ್’ ತಂತ್ರಾಂಶದಲ್ಲಿ ಸ್ಥಾನದಂತೆ, ತಿರುವಿನಂತೆ, ಇಲ್ಲವೇ ಸರಳರೇಖೆಯಲ್ಲಿ ಎಳೆದಂತೆ ಗುಂಡಿ ತಿರುಗುವ ಮೂರು ಬಗೆಗಳನ್ನೂ ಕೊಟ್ಟು ಆಯ್ಕೆಯನ್ನು ಬಳಕೆದಾರರಿಗೇ ಬಿಡಲಾಗಿದೆ. ಕೈ ನಡುಗುವವರಿಗೆ ಮೌಸ್‌ಗಿಂತ ಬಾಣದ ಕೀಲಿಗಳೇ ಅನುಕೂಲ. ಅವುಗಳನ್ನು ಎಂದೂ ನಿಲ್ಲಿಸಬಾರದು.

ತರಗತಿಯಲ್ಲಿ ಮಾಡಿ ನೋಡಿ

ಕಾಗದದ ಮೇಲೆ ವೃತ್ತ ಬರೆದು ಕೋನಮಾಪಕದಿಂದ 240 ಮತ್ತು −60 ಡಿಗ್ರಿಗಳನ್ನು ಗುರುತಿಸಿ. 45 ಡಿಗ್ರಿಯಲ್ಲಿ ಬೆಲೆ ಎಷ್ಟು? (ಉತ್ತರ: 65.) ಕೆಳಗಿನ ಖಾಲಿ ಜಾಗ 60ರ ಬದಲು 90 ಡಿಗ್ರಿ ಇರಬೇಕಾದರೆ ಸೂತ್ರದ ಯಾವ ಎರಡು ಸಂಖ್ಯೆಗಳು ಬದಲಾಗುತ್ತವೆ? (ಉತ್ತರ: 240ರ ಬದಲು 225, 300ರ ಬದಲು 270.) ಗಣಕವಿದ್ದರೆ ಐದು ಹೆಜ್ಜೆಗಳನ್ನು ಪೈಥಾನ್‌ನಲ್ಲಿ ಬರೆದು, ಮೊದಲು ಪರದೆಯ ಮೇಲೆ ಬೆಲೆಯನ್ನಷ್ಟೇ ತೋರಿಸಿ ಪರೀಕ್ಷಿಸಿ. ಡಯಲನ್ನು ಎರಡೂ ದಿಕ್ಕಿನಲ್ಲಿ ಕೆಳತುದಿ ದಾಟಿಸಿದರೂ ಬೆಲೆ ಜಿಗಿಯದೆ ನಿಂತರೆ ಆಮೇಲೆ ಉಪಕರಣಕ್ಕೆ ಜೋಡಿಸಿ.