ಕೇಳುಗರಿಲ್ಲದ ಗಾಯನ

ವಾದ್ಯವಿಲ್ಲದೆ, ವೇದಿಕೆಯಿಲ್ಲದೆ, ಮುಖ್ಯಗಾಯಕನೆಂಬವನೂ ಇಲ್ಲದೆ, ಬಂದವರೆಲ್ಲರೂ ಹಾಡತಕ್ಕವರೇ ಆಗಿ ನಡೆಯುವ ಒಂದು ದೇವಸ್ತುತಿಯ ಪದ್ಧತಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, ವಿಶೇಷವಾಗಿ ಜಾರ್ಜಿಯ ಮತ್ತು ಅಲಬಾಮಗಳ ಹಳ್ಳಿಗಾಡಿನ ಬ್ಯಾಪ್ಟಿಸ್ಟ್ ಪ್ರಾರ್ಥನಾಮಂದಿರಗಳಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿ ಇಂದಿಗೂ ಜೀವಂತವಾಗಿ ಉಳಿದಿದೆ. ಸೇಕ್ರೆಡ್ ಹಾರ್ಪ್ ಎಂಬುದು ಅದಕ್ಕೆ ಈಗ ರೂಢಿಯಲ್ಲಿರುವ ಹೆಸರು. ವಸ್ತುತಃ ಅದು ಒಂದು ಪುಸ್ತಕದ ಹೆಸರು. ಶಾಸ್ತ್ರವನ್ನು ಜನಸಾಮಾನ್ಯರಿಗೆ ಮುಟ್ಟಿಸಬೇಕಾದರೆ ಅದರ ಸತ್ತ್ವವನ್ನು ಕಡಿಮೆ ಮಾಡಿಯೇ ತೀರಬೇಕೆಂದು ನಂಬಿರುವವರು ಈ ಪುಸ್ತಕದ ಮತ್ತು ಇದನ್ನು ಹಾಡಿದ ಒಕ್ಕಲುಮಕ್ಕಳ ಚರಿತ್ರೆಯನ್ನು ಅವಶ್ಯವಾಗಿ ಪರಾಮರ್ಶಿಸಬೇಕು.

ಬ್ಯಾಪ್ಟಿಸ್ಟರು ಪ್ರಾಟೆಸ್ಟೆಂಟ್ ಕ್ರೈಸ್ತರಲ್ಲಿ ಒಂದು ಪಂಗಡ. ಶಿಶುಗಳಿಗೆ ದೀಕ್ಷಾಸ್ನಾನವನ್ನು ಕೊಡದೆ, ತಮ್ಮ ವಿಶ್ವಾಸವನ್ನು ತಾವೇ ಬಾಯಿಬಿಟ್ಟು ಹೇಳಬಲ್ಲವರನ್ನು ಮಾತ್ರ ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ, ಬಿಷಪ್ಪನ ಅಧಿಕಾರವನ್ನು ಒಪ್ಪದೆ ಪ್ರತಿಯೊಂದು ಊರಿನ ಸಭೆಯೂ ಸ್ವತಂತ್ರವೆಂದು ಭಾವಿಸುವ ಈ ಜನರಲ್ಲಿ, ಆರಾಧನೆಯ ವೇಳೆ ಎಲ್ಲರೂ ಕೂಡಿ ಹಾಡಬಹುದೇ ಎಂಬುದೇ ಮೊದಮೊದಲು ವಿವಾದಾಸ್ಪದವಾಗಿತ್ತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಸಭಾಪಾಲಕ ಬೆಂಜಮಿನ್ ಕೀಚ್ ಸ್ತೋತ್ರಗೀತೆಗಳನ್ನು ಹಾಡಿಸತೊಡಗಿದಾಗ ಅದನ್ನು ಸಹಿಸಲಾರದೆ ಸಭೆಯನ್ನು ಬಿಟ್ಟು ಹೋದವರುಂಟು. ಒಂದು ಶತಮಾನ ಕಳೆಯುವುದರೊಳಗೆ ಆ ವಿರೋಧ ಕರಗಿ, ಹಾಡಿಲ್ಲದ ಬ್ಯಾಪ್ಟಿಸ್ಟ್ ಸಭೆಯನ್ನು ಊಹಿಸುವುದೇ ಕಷ್ಟವಾಯಿತು. ಆದರೆ ಆ ಕಾಲದ ಸ್ತೋತ್ರಪುಸ್ತಕಗಳಲ್ಲಿ ಇರುತ್ತಿದ್ದುದು ಪದ್ಯ ಮಾತ್ರ. 1841ರಲ್ಲಿ ಬೆಂಜಮಿನ್ ಲಾಯ್ಡ್ ಎಂಬವರು ಅಲಬಾಮದಲ್ಲಿ ಪ್ರಕಟಿಸಿದ, ಪ್ರಿಮಿಟಿವ್ ಬ್ಯಾಪ್ಟಿಸ್ಟರೆಂಬ ಶಾಖೆಯವರು ಈಗಲೂ ಬಳಸುವ ಪುಸ್ತಕವೂ ಅಂಥದೇ. ಪುಸ್ತಕಗಳೂ ಓದುಬಲ್ಲವರೂ ವಿರಳವಾಗಿದ್ದ ಸಭೆಗಳಲ್ಲಿ ಹಿರಿಯನೊಬ್ಬನು ಒಂದೊಂದು ಚರಣವನ್ನು ಎತ್ತಿಕೊಡುವನು, ಉಳಿದವರು ತಮಗೆ ಬಂದ ಧಾಟಿಯಲ್ಲಿ ಅದನ್ನು ಎಳೆದೆಳೆದು ಹಾಡುವರು. ಕೆಂಟಕಿಯ ಬೆಟ್ಟಗಳಲ್ಲಿ ಓಲ್ಡ್ ರೆಗ್ಯುಲರ್ ಬ್ಯಾಪ್ಟಿಸ್ಟರೆಂಬ ಮತ್ತೊಂದು ಶಾಖೆಯವರು ಇಂದಿಗೂ ಹಾಗೆಯೇ ಹಾಡುತ್ತಾರೆ.

ಬರೆದ ಸಂಗೀತವನ್ನು ಓದಿ ಹಾಡಲು ಜನರಿಗೆ ಕಲಿಸಬೇಕೆಂಬ ಪ್ರಯತ್ನ ಹದಿನೆಂಟನೆಯ ಶತಮಾನದಲ್ಲಿ ಬಾಸ್ಟನ್ ಸುತ್ತಿನ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಮೊದಲಾಯಿತು. ಊರಿಂದೂರಿಗೆ ಸಂಚರಿಸುವ ಗಾಯನೋಪಾಧ್ಯಾಯನು ಕೆಲವು ವಾರ ಒಂದೆಡೆ ನಿಂತು, ಶುಲ್ಕ ಪಡೆದು, ತರುಣತರುಣಿಯರಿಗೆ ಪಾಠ ಹೇಳುವನು. ಇಂಗ್ಲೆಂಡಿನಿಂದ ಬಂದ ಹಳೆಯ ಪದ್ಧತಿಯಂತೆ ಅವರು ಬಳಸುತ್ತಿದ್ದ ಸ್ವರನಾಮಗಳು ನಾಲ್ಕೇ: ಫಾ, ಸೋಲ್, ಲಾ, ಮಿ. ಏಳು ಸ್ವರಗಳಿಗೆ ನಾಲ್ಕು ಹೆಸರು ಹೇಗೆ ಸಾಲುತ್ತದೆಂದು ಕೇಳುವವರು ನಮ್ಮ ಶಂಕರಾಭರಣದ ಆರೋಹಣವನ್ನು ನೆನೆದುಕೊಳ್ಳಬಹುದು. ಅಲ್ಲಿ ಸ ರಿ ಗ ಎಂಬ ಮೂರು ಸ್ವರಗಳ ನಡುವೆ ಎಷ್ಟು ಅಂತರವಿದೆಯೋ ಮ ಪ ದ ಎಂಬ ಮೂರರ ನಡುವೆಯೂ ಅಷ್ಟೇ ಅಂತರವಿರುವುದರಿಂದ, ಎರಡು ಗುಂಪುಗಳಿಗೂ ಫಾ ಸೋಲ್ ಲಾ ಎಂಬ ಅವೇ ಹೆಸರುಗಳನ್ನಿಟ್ಟು, ಉಳಿದ ನಿಷಾದವೊಂದನ್ನು ಮಿ ಎಂದು ಕರೆದರು. 1801ರಲ್ಲಿ ವಿಲಿಯಂ ಲಿಟ್ಲ್ ಮತ್ತು ವಿಲಿಯಂ ಸ್ಮಿತ್ ಎಂಬಿಬ್ಬರು ‘ದಿ ಈಸಿ ಇನ್‌ಸ್ಟ್ರಕ್ಟರ್’ ಎಂಬ ಪುಸ್ತಕದಲ್ಲಿ ಈ ನಾಲ್ಕು ಹೆಸರುಗಳಿಗೆ ನಾಲ್ಕು ಆಕೃತಿಗಳನ್ನು ಕೊಟ್ಟರು: ಫಾ ತ್ರಿಕೋನ, ಸೋಲ್ ವೃತ್ತ, ಲಾ ಚೌಕ, ಮಿ ವಜ್ರಾಕೃತಿ. ಪಾಶ್ಚಾತ್ಯ ಲಿಪಿಯ ಐದು ಗೆರೆಗಳು, ಕಾಲಪ್ರಮಾಣದ ಚಿಹ್ನೆಗಳು ಯಾವುದನ್ನೂ ಅವರು ಕೈಬಿಡಲಿಲ್ಲ. ಸ್ವರದ ಬೊಟ್ಟಿನ ಆಕಾರವನ್ನು ಮಾತ್ರ ಬದಲಿಸಿದರು. ಆಧಾರಶ್ರುತಿ ಯಾವ ಗೆರೆಯಲ್ಲಿದೆಯೆಂದು ಲೆಕ್ಕ ಹಾಕುವ ಕ್ಲೇಶ ಅಷ್ಟರಿಂದಲೇ ತಪ್ಪಿ, ಉತ್ತು ಬಿತ್ತುವ ಕೈಗಳು ಹಿಡಿದ ಪುಸ್ತಕದಲ್ಲಿಯೂ ಸ್ವರವು ಕಣ್ಣಿಗೆ ಬಿದ್ದೊಡನೆ ಹೆಸರು ಬಾಯಿಗೆ ಬರುವಂತಾಯಿತು. ವಿದ್ಯಾಪ್ರಸಾರದ ಇತಿಹಾಸದಲ್ಲಿ ಇಷ್ಟು ಅಲ್ಪವಾದ ಮಾರ್ಪಾಟಿನಿಂದ ಇಷ್ಟು ದೊಡ್ಡ ಉಪಕಾರವಾದ ನಿದರ್ಶನಗಳು ಹೆಚ್ಚಿಲ್ಲವೆಂದೇ ನನ್ನ ಭಾವನೆ.

ಉತ್ತರದ ನಗರಗಳು ಇದನ್ನು ಮೆಚ್ಚಲಿಲ್ಲ. ಬಾಸ್ಟನ್ನಿನ ಸಾರ್ವಜನಿಕ ಶಾಲೆಗಳಲ್ಲಿ 1838ರಲ್ಲಿ ಸಂಗೀತಪಾಠವನ್ನು ಆರಂಭಿಸಿದ ಲೊವೆಲ್ ಮೇಸನ್ ಮತ್ತು ಅವರ ಮಾರ್ಗದವರು ಯೂರೋಪಿನ ಶಾಸ್ತ್ರಕ್ಕೆ ಹೊಂದುವ ನಯವಾದ ಸಂಗೀತವನ್ನೇ ದೇವಾಲಯಕ್ಕೆ ಯೋಗ್ಯವೆಂದೆಣಿಸಿ, ಹಳೆಯ ರಚನೆಗಳನ್ನೂ ಆಕೃತಿಸ್ವರಗಳನ್ನೂ ಒರಟೆಂದು ಬದಿಗೊತ್ತಿದರು. ಮೇಸನ್ನರ ಲೋಕಸೇವೆ ಸಣ್ಣದಲ್ಲ. ಆದರೂ ಈ ತಿರಸ್ಕಾರದಲ್ಲಿ ನ್ಯಾಯವಿತ್ತೆಂದು ನಾನು ಒಪ್ಪಲಾರೆ.

ಹೀಗೆ ನಗರಗಳಲ್ಲಿ ಎಡೆ ತಪ್ಪಿದ ವಿದ್ಯೆಗೆ ದಕ್ಷಿಣದ ಹಳ್ಳಿಗಳು ಆಶ್ರಯವಿತ್ತವು. ದಕ್ಷಿಣ ಕ್ಯಾರೊಲೈನದ ಸ್ಪಾರ್ಟನ್‌ಬರ್ಗಿನಲ್ಲಿದ್ದ ವಿಲಿಯಂ ವಾಕರ್ ಎಂಬ ಬ್ಯಾಪ್ಟಿಸ್ಟನು 1835ರಲ್ಲಿ ‘ಸದರ್ನ್ ಹಾರ್ಮನಿ’ಯನ್ನು ಹೊರತಂದನು. ಗುಲಾಮರ ಹಡಗಿನ ನಾಯಕನಾಗಿದ್ದು ಅನಂತರ ಪಾದ್ರಿಯಾದ ಇಂಗ್ಲೆಂಡಿನ ಜಾನ್ ನ್ಯೂಟನ್ 1779ರಲ್ಲಿ ಪ್ರಕಟಿಸಿದ ‘ಅಮೇಜಿಂಗ್ ಗ್ರೇಸ್’ ಪದ್ಯಕ್ಕೆ ‘ನ್ಯೂ ಬ್ರಿಟನ್’ ಎಂಬ ಧಾಟಿಯನ್ನು ಜೋಡಿಸಿಕೊಟ್ಟದ್ದು ಈ ಪುಸ್ತಕವೇ. ಇಂದು ಜಗತ್ತೆಲ್ಲ ಗುನುಗುವ ಆ ಹಾಡು ಈ ರೂಪವನ್ನು ಪಡೆದದ್ದು ತ್ರಿಕೋನ ವೃತ್ತ ಚೌಕಗಳ ಲಿಪಿಯಲ್ಲೆಂಬುದನ್ನು ಹಾಡುವವರಲ್ಲಿ ಬಹುಮಂದಿ ಅರಿಯರು. ವಾಕರನ ಷಡ್ಡಕನಾದ ಬೆಂಜಮಿನ್ ಫ್ರಾಂಕ್ಲಿನ್ ವೈಟ್, ಜಾರ್ಜಿಯದ ಹ್ಯಾಮಿಲ್ಟನ್ನಿನಲ್ಲಿ ನೆಲಸಿ, ಎಲೈಷ ಕಿಂಗ್ ಎಂಬ ತರುಣನೊಡನೆ ಸಂಕಲಿಸಿದ ‘ದಿ ಸೇಕ್ರೆಡ್ ಹಾರ್ಪ್’ 1844ರಲ್ಲಿ ಅಚ್ಚಾಯಿತು. ಕಿಂಗ್ ಅದೇ ವರ್ಷ ತೀರಿಕೊಂಡನು. ವೈಟ್ ಮರುವರ್ಷವೇ ಗಾಯಕರ ಸಮ್ಮೇಳನವೊಂದನ್ನು ಕಟ್ಟಿ, 1879ರಲ್ಲಿ ಕಾಲವಾಗುವುದಕ್ಕೆ ಮುಂಚೆ ಪುಸ್ತಕವನ್ನು ಮೂರು ಬಾರಿ ಪರಿಷ್ಕರಿಸಿದನು. ಹಾಡುವ ಜನರೇ ಸಮಿತಿಗಳಾಗಿ ಕುಳಿತು ಪುಸ್ತಕವನ್ನು ತಿದ್ದುವ ಆ ಸಂಪ್ರದಾಯ ಇಂದಿಗೂ ನಡೆದು ಬಂದಿದೆ.

ಹಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೆಂಚುಗಳನ್ನು ಚೌಕವಾಗಿ, ಎಲ್ಲರ ಮುಖವೂ ಒಳಗೆ ತಿರುಗುವಂತೆ ಇಡುತ್ತಾರೆ. ಹಾಡುವವರು ನಾಲ್ಕು ಧ್ವನಿವರ್ಗಗಳಾಗಿ ಕುಳಿತುಕೊಳ್ಳುತ್ತಾರೆ: ಒಂದು ಪಕ್ಕದಲ್ಲಿ ಟೆನರ್, ಉಳಿದ ಮೂರರಲ್ಲಿ ಟ್ರೆಬಲ್, ಆಲ್ಟೊ, ಬೇಸ್. ನಡುವಣ ಬರಿದಾದ ಜಾಗಕ್ಕೆ ಸರದಿಯಂತೆ ಒಬ್ಬೊಬ್ಬರು, ಮುದುಕರಾಗಲಿ ಹತ್ತು ವರ್ಷದ ಮಕ್ಕಳಾಗಲಿ, ಬಂದು ನಿಂತು, ಪುಸ್ತಕದ ಪುಟಸಂಖ್ಯೆಯನ್ನು ಕೂಗಿ ಹೇಳುತ್ತಾರೆ. ಯಾವ ವಾದ್ಯದ ಸಹಾಯವೂ ಇಲ್ಲದೆ ಅನುಭವಸ್ಥನೊಬ್ಬನು ಕಂಠದಿಂದಲೇ ಶ್ರುತಿ ಕೊಡುತ್ತಾನೆ. ಗೀತೆಯನ್ನು ಕಲಿಯುವ ನಮ್ಮ ಮಕ್ಕಳು ಮೊದಲು ಸ್ವರವನ್ನು ಹಾಡಿ ಅನಂತರ ಅದೇ ಧಾತುವಿಗೆ ಸಾಹಿತ್ಯವನ್ನು ಹೊಂದಿಸಿಕೊಳ್ಳುವಂತೆ, ಅವರೂ ಇಡೀ ಹಾಡನ್ನು ಮೊದಲು ಫಾ ಸೋಲ್ ಲಾ ಎಂದು ಹಾಡಿ ಆಮೇಲೆ ಪದ್ಯವನ್ನು ಹಾಡುತ್ತಾರೆ. ಕೈಯನ್ನು ಮೇಲೆ ಕೆಳಗೆ ಆಡಿಸಿ ಎಲ್ಲರೂ ತಾಳ ಹಾಕುತ್ತಾರೆ. ಮುಖ್ಯ ಧಾಟಿ ಇರುವುದು ಟೆನರಿನಲ್ಲಿ. ಆದರೆ ಉಳಿದ ಭಾಗಗಳು ಅದಕ್ಕೆ ಬರಿಯ ಆಸರೆಯಾಗಿರದೆ ತಮ್ಮಷ್ಟಕ್ಕೆ ತಾವೇ ರಾಗವಾಗಿರುವಂತೆ ರಚಿತವಾಗಿವೆ. ಕೆಲವು ರಚನೆಗಳಲ್ಲಂತೂ ಒಂದು ವರ್ಗ ಎತ್ತಿಕೊಂಡ ಸಾಲನ್ನು ಮತ್ತೊಂದು ವರ್ಗ ಹಿಂದಿನಿಂದ ಅಟ್ಟಿಸಿಕೊಂಡು ಬಂದು, ನಾಲ್ಕು ದಿಕ್ಕಿನ ಧ್ವನಿಗಳೂ ಕೊನೆಯಲ್ಲಿ ಒಂದಾಗುತ್ತವೆ. ದನಿಯನ್ನು ಮೆಲುಪಾಗಿಸುವ ಪ್ರಯತ್ನವನ್ನು ಯಾರೂ ಮಾಡರು. ಮೈಯಲ್ಲಿರುವ ಕಸುವನ್ನೆಲ್ಲ ಕಂಠಕ್ಕೆ ತಂದು ಹಾಡುತ್ತಾರೆ. ಮಧ್ಯಾಹ್ನ ಮನೆಮನೆಯಿಂದ ತಂದ ಅಡಿಗೆಯನ್ನು ಮಂದಿರದ ಹೊರಗೆ ಹಂಚಿಕೊಂಡು ಉಂಡು, ಮತ್ತೆ ಒಳಗೆ ಬಂದು ಸಂಜೆಯವರೆಗೆ ಹಾಡುತ್ತಾರೆ. ಆ ವರ್ಷ ಅಗಲಿದವರ ಮತ್ತು ಕಾಯಿಲೆಯಿಂದ ಬರಲಾಗದವರ ಹೆಸರುಗಳನ್ನು ಓದಿ, ಅವರಿಗಾಗಿ ಹಾಡುವುದೂ ಈ ದಿನದ ಒಂದು ಅಂಗ.

ಇಷ್ಟು ಹೇಳಿ ಇನ್ನೊಂದನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಈ ಪುಸ್ತಕಗಳು ಹುಟ್ಟಿದ ನಾಡು ಗುಲಾಮಗಿರಿಯ ನಾಡು. ಮುಕ್ತಿಯನ್ನು ಕುರಿತ ಈ ಸ್ತೋತ್ರಗಳು ಏಳುತ್ತಿದ್ದ ಮಂದಿರಗಳ ಸುತ್ತಲೂ ಮನುಷ್ಯರ ಕ್ರಯವಿಕ್ರಯ ನಡೆಯುತ್ತಿತ್ತು. ಆ ನೋವನ್ನುಂಡ ಕರಿಯರೂ ಈ ಲಿಪಿಯನ್ನು ಕಲಿತು ತಮ್ಮದಾಗಿಸಿಕೊಂಡರು. ಅಲಬಾಮದ ಜಡ್ಜ್ ಜಾಕ್ಸನ್ ಎಂಬ ಕರಿಯ ಗಾಯಕನು, ತನ್ನ ಜನರು ರಚಿಸಿದ ಹಾಡುಗಳನ್ನು ಕೂಡಿಸಿ, 1934ರಲ್ಲಿ ‘ದಿ ಕಲರ್ಡ್ ಸೇಕ್ರೆಡ್ ಹಾರ್ಪ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಈ ಪರಂಪರೆಯ ಚರಿತ್ರೆಯಲ್ಲಿ ವೈಟನಿಗೆ ಸಲ್ಲುವ ಗೌರವ ಆತನಿಗೂ ಸಲ್ಲಬೇಕು.

ವಿದ್ವಾಂಸರ ದೃಷ್ಟಿ ಈ ಕಡೆ ಹರಿದದ್ದು ತಡವಾಗಿ. ಜಾರ್ಜ್ ಪುಲನ್ ಜಾಕ್ಸನ್ 1933ರಲ್ಲಿ ಇದನ್ನು ಕುರಿತು ಪ್ರೌಢವಾದ ಗ್ರಂಥವನ್ನು ಬರೆದರು. ಜಾನಪದ ಸಂಗ್ರಾಹಕ ಆಲನ್ ಲೋಮಾಕ್ಸ್ 1959ರಲ್ಲಿ ಅಲಬಾಮದ ಫೈಫ್ ಎಂಬ ಊರಿನಲ್ಲಿ ನಡೆದ ಸಮ್ಮೇಳನವನ್ನು ಧ್ವನಿಮುದ್ರಿಸಿಕೊಂಡರು. ಈಗ ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ಪೋಲೆಂಡುಗಳಲ್ಲಿಯೂ ಈ ಚೌಕಗಳು ಕೂಡುತ್ತವೆ. ನಮ್ಮ ಸಂಗೀತ ವಿದ್ಯಾರ್ಥಿಗಳು ಲೋಮಾಕ್ಸರ ಆ ಮುದ್ರಿಕೆಗಳನ್ನು ಹುಡುಕಿ ಕೇಳಬೇಕೆಂದು ನನ್ನ ಬಿನ್ನಹ. ಮೊದಲ ಸಲ ಕರ್ಕಶವೆನಿಸೀತು. ಎರಡನೆಯ ಸಲ ಒಂದೇ ವರ್ಗದ ಧ್ವನಿಯನ್ನು ಹಿಡಿದು ಕೊನೆಯವರೆಗೆ ಹಿಂಬಾಲಿಸಿ. ಈ ಚೌಕಗಳು ಕೂಡುವ ದೇಶಗಳಲ್ಲಿ ನೆಲಸಿರುವ ಕನ್ನಡಿಗರು ಇನ್ನೂ ಭಾಗ್ಯಶಾಲಿಗಳು: ಅಲ್ಲಿ ಪ್ರವೇಶಶುಲ್ಕವಿಲ್ಲ, ಯಾವ ಮತದವರೆಂದು ಕೇಳುವವರಿಲ್ಲ, ಪುಸ್ತಕವಿಲ್ಲದೆ ಬಂದವರಿಗೆ ಆ ದಿನದ ಮಟ್ಟಿಗೆ ಎರವಲು ಪುಸ್ತಕವೂ ಸಿಕ್ಕುತ್ತದೆ.