ಬ್ಯಾಟರಿಗೆ ತಕ್ಕ ಚಾರ್ಜರ್: ಅಂಗಡಿಯಲ್ಲಿಯೇ ಕೇಳಬೇಕಾದ ಪ್ರಶ್ನೆ

ವಿಜಯಪುರ ನಗರದ ವಿದ್ಯುತ್ ಸಾಮಗ್ರಿ ಅಂಗಡಿಗಳಲ್ಲಿಯೂ, ತಿಕೋಟಾ ಹಾಗೂ ಬಬಲೇಶ್ವರದ ಕೃಷಿ ಪರಿಕರಗಳ ಮಳಿಗೆಗಳಲ್ಲಿಯೂ ಬ್ಯಾಟರಿ ಮತ್ತು ಚಾರ್ಜರ್ ಇಂದು ನಿತ್ಯದ ಸರಕುಗಳಾಗಿವೆ. ದೊಡ್ಡ ದ್ರಾಕ್ಷಿ ತೋಟಗಳಿಗೆ ಟ್ರ್ಯಾಕ್ಟರಿನ ಬ್ಲೋವರ್ ಬಂದಿದ್ದರೂ, ಸಣ್ಣ ಹಿಡುವಳಿಯ ರೈತರಿಗೆ ಔಷಧ ಹೊಡೆಯಲು ಬೆನ್ನಿಗೇರಿಸುವ ಬ್ಯಾಟರಿ ಪಂಪು ಬೇಕು. ತೋಟದ ಮನೆಗೆ ಚಾರ್ಜಿಂಗ್ ದೀಪ ಬೇಕು. ಅಂಗಡಿಯ ತೂಕದ ಯಂತ್ರಕ್ಕೂ ಬ್ಯಾಟರಿ ಬೇಕು. ಇವುಗಳ ಬ್ಯಾಟರಿ ಅಥವಾ ಚಾರ್ಜರ್ ಕೆಟ್ಟಾಗ ಗ್ರಾಹಕನು ಅಂಗಡಿಗೆ ಬಂದು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: "12 ವೋಲ್ಟಿನ ಚಾರ್ಜರ್ ಕೊಡ್ರಿ."

ವರ್ತಕನು ಕಪಾಟಿನಿಂದ ಒಂದನ್ನು ತೆಗೆದುಕೊಡುತ್ತಾನೆ. ಪಿನ್ನು ಸರಿಯಾಗಿ ಕೂಡುತ್ತದೆ, ದೀಪ ಹೊತ್ತುತ್ತದೆ, ವ್ಯವಹಾರ ಮುಗಿಯುತ್ತದೆ. ಆದರೆ ಪಿನ್ನು ಕೂಡಿದ ಮಾತ್ರಕ್ಕೆ ಜೋಡಿ ಕೂಡಿತೆಂದು ಹೇಳಲಾಗದು. ಬ್ಯಾಟರಿ ಬೆಂಕಿಗಳಿಗೆ ಇರುವ ಮುಖ್ಯ ಕಾರಣಗಳಲ್ಲಿ ಈ ತಪ್ಪು ಜೋಡಣೆಯೂ ಒಂದು.

ಒಂದೇ ಹೆಸರು, ಮೂರು ಜಾತಿ

"12 ವೋಲ್ಟ್" ಎಂಬ ಒಂದೇ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಮೂರು ಬಗೆಯ ಬ್ಯಾಟರಿಗಳು ಮಾರಾಟವಾಗುತ್ತವೆ. ಮೊದಲನೆಯದು ಹಳೆಯ ಪರಿಚಯದ ಸೀಸ-ಆಮ್ಲ ಬ್ಯಾಟರಿ. ಇದನ್ನು ತುಂಬಿಸಲು ಚಾರ್ಜರ್ 14.4 ವೋಲ್ಟ್ ಆಸುಪಾಸಿನ ಒತ್ತಡವನ್ನು ನೀಡಬೇಕು. ಎರಡನೆಯದು ಮೂರು ಲಿಥಿಯಂ-ಅಯಾನ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಪ್ಯಾಕ್. ಇದರ ಒಂದು ಸೆಲ್ ತುಂಬಿದಾಗ 4.2 ವೋಲ್ಟ್ ತೋರುತ್ತದೆ. ಆದ್ದರಿಂದ ಚಾರ್ಜರಿನ ಮಿತಿ 12.6 ವೋಲ್ಟ್. ಮೂರನೆಯದು ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ಪ್ಯಾಕ್. ಇದರ ಸೆಲ್ 3.65 ವೋಲ್ಟಿಗೆ ತುಂಬುವುದರಿಂದ ಒಟ್ಟು ಮಿತಿ 14.6 ವೋಲ್ಟ್.

ಸೀಸ-ಆಮ್ಲ ಬ್ಯಾಟರಿಯ ಚಾರ್ಜರನ್ನು ಮೂರು ಸೆಲ್‌ಗಳ ಲಿಥಿಯಂ ಪ್ಯಾಕಿಗೆ ಸಿಕ್ಕಿಸಿದರೆ 14.4 ವೋಲ್ಟ್ ಮೂರು ಪಾಲಾಗಿ, ಪ್ರತಿ ಸೆಲ್ಲಿನ ಮೇಲೆ 4.8 ವೋಲ್ಟ್ ಬೀಳುವ ಪ್ರಸಂಗ ಒದಗುತ್ತದೆ. ಇದು ಸೆಲ್ ತಾಳುವ ಮಿತಿಯನ್ನು ಬಹಳ ಮೀರಿದ ಒತ್ತಡ. ಪ್ಯಾಕಿನೊಳಗೆ ಬಿ.ಎಂ.ಎಸ್. ಎಂದು ಕರೆಯುವ ರಕ್ಷಣಾ ಫಲಕ ಇದ್ದು, ಅದು ಸರಿಯಾಗಿ ಕೆಲಸ ಮಾಡಿದರೆ ಸಂಪರ್ಕ ಕಡಿದುಹೋಗುತ್ತದೆ. ಅಗ್ಗದ ಪ್ಯಾಕುಗಳಲ್ಲಿ ಆ ಫಲಕವೇ ಇರದಿರಬಹುದು, ಇದ್ದರೂ ಕೆಟ್ಟಿರಬಹುದು. ಆಗ ಸೆಲ್ ಬಿಸಿಯೇರಿ, ಉಬ್ಬಿ, ಒಳಗಿನ ದಹ್ಯ ದ್ರವ ಅನಿಲವಾಗಿ ಹೊರನುಗ್ಗಿ ಬೆಂಕಿ ಹಿಡಿಯುತ್ತದೆ. ಒಂದು ಸೆಲ್ಲಿನ ಕಾವು ಪಕ್ಕದ ಸೆಲ್ಲನ್ನೂ ಹೊತ್ತಿಸುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪಿನಿಂದ ಬೆಂಕಿ ಹತ್ತದಿದ್ದರೂ ನಷ್ಟ ತಪ್ಪದು. 12.6 ವೋಲ್ಟಿನ ಲಿಥಿಯಂ ಚಾರ್ಜರಿನಿಂದ ಸೀಸ-ಆಮ್ಲ ಬ್ಯಾಟರಿ ಎಂದಿಗೂ ಪೂರ್ತಿ ತುಂಬುವುದಿಲ್ಲ. ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಗಟ್ಟಿ ಬ್ಯಾಟರಿ ಅಕಾಲದಲ್ಲಿ ಸಾಯುತ್ತದೆ. ರೈತನು ಬ್ಯಾಟರಿಯೇ ಕಳಪೆಯೆಂದು ದೂರುತ್ತಾನೆ. ವರ್ತಕನು ಗ್ಯಾರಂಟಿಯ ಹೆಸರಿನಲ್ಲಿ ಬದಲಿ ಕೊಡಬೇಕಾಗುತ್ತದೆ. ಫಾಸ್ಫೇಟ್ ಪ್ಯಾಕಿನ ಅಂಕಿ ಸೀಸ-ಆಮ್ಲದ ಅಂಕಿಗೆ ಹತ್ತಿರವಿದೆಯೆಂದು ಅವುಗಳ ಚಾರ್ಜರುಗಳನ್ನು ಅದಲುಬದಲು ಮಾಡುವುದೂ ಸಲ್ಲದು. ಲಿಥಿಯಂ ಚಾರ್ಜರ್ ಪ್ಯಾಕ್ ತುಂಬಿದ ಮೇಲೆ ಪ್ರವಾಹವನ್ನು ನಿಲ್ಲಿಸುತ್ತದೆ. ಸೀಸ-ಆಮ್ಲದ ಚಾರ್ಜರ್ ಸಣ್ಣ ಪ್ರವಾಹವನ್ನು ಹರಿಸುತ್ತಲೇ ಇರುತ್ತದೆ.

ಬಿಡಿ ಸೆಲ್ ಕಲಿಸಿದ ಪಾಠ

ಈ ಪ್ಯಾಕುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು 18650 ಎಂಬ ಸೆಲ್. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ ಎಂಬುದೇ ಈ ಹೆಸರಿನ ಅರ್ಥ. ವಿದೇಶಗಳಲ್ಲಿ ಇದೇ ಸೆಲ್ ಇ-ಸಿಗರೇಟ್ ಉಪಕರಣಗಳಲ್ಲಿ ಬಳಕೆಯಾಗಿ ಕುಖ್ಯಾತಿ ಗಳಿಸಿತು. ಅಮೆರಿಕದ ಅಗ್ನಿಶಾಮಕ ಆಡಳಿತವು 2017ರಲ್ಲಿ ಪ್ರಕಟಿಸಿದ ವರದಿಯು 2009ರಿಂದ 2016ರವರೆಗೆ ಇಂತಹ ಉಪಕರಣಗಳಿಂದಾದ ಬೆಂಕಿ ಹಾಗೂ ಸ್ಫೋಟದ 195 ಪ್ರಕರಣಗಳನ್ನು ದಾಖಲಿಸಿದೆ. ಜೇಬಿನಲ್ಲಿ ಬಿಡಿ ಸೆಲ್ ಜೊತೆಗೆ ಬೀಗದಕೈ, ನಾಣ್ಯ ಇಟ್ಟುಕೊಂಡವರೂ, ಉಪಕರಣಕ್ಕೆ ಸಲ್ಲದ ಚಾರ್ಜರ್ ಬಳಸಿದವರೂ ಸುಟ್ಟುಕೊಂಡರು. 2021ರ ಜನವರಿಯಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು, ರಕ್ಷಣಾ ಫಲಕವಿಲ್ಲದ ಬಿಡಿ 18650 ಸೆಲ್‌ಗಳನ್ನು ಕೊಳ್ಳಬಾರದೆಂದು ಗ್ರಾಹಕರಿಗೆ ಎಚ್ಚರಿಕೆ ನೀಡಿತು.

ಭಾರತದಲ್ಲಿ ಇ-ಸಿಗರೇಟಿನ ಉತ್ಪಾದನೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳೆಲ್ಲ 2019ರ ಕೇಂದ್ರ ಕಾಯ್ದೆಯಿಂದ ನಿಷಿದ್ಧವಾಗಿವೆ. ಕರ್ನಾಟಕ ಸರ್ಕಾರವು 2016ರಲ್ಲಿಯೇ ನಿಷೇಧ ಹೇರಿತ್ತು. ಆದುದರಿಂದ ಆ ಸರಕು ಇಲ್ಲಿನ ವರ್ತಕರಿಗೆ ಸಂಬಂಧಿಸಿದ್ದಲ್ಲ. ಆದರೆ ಅದೇ ಸೆಲ್ ಟಾರ್ಚಿನಲ್ಲಿ, ಪವರ್ ಬ್ಯಾಂಕಿನಲ್ಲಿ, ಪಂಪಿನ ಪ್ಯಾಕಿನಲ್ಲಿ ಪ್ರತಿದಿನ ಕೈಯಿಂದ ಕೈಗೆ ದಾಟುತ್ತಿರುವುದರಿಂದ ಆ ಪಾಠ ಮಾತ್ರ ಎಲ್ಲರಿಗೂ ಸಂಬಂಧಿಸಿದ್ದು. ಬಿಡಿ ಸೆಲ್‌ಗಳನ್ನು ತೆರೆದ ಡಬ್ಬಿಯಲ್ಲಿ ಮೊಳೆ, ಸ್ಕ್ರೂಗಳ ಪಕ್ಕದಲ್ಲಿ ಸುರಿದಿಡುವ ರೂಢಿಯನ್ನು ಬಿಡಬೇಕು. ಹೊರಕವಚ ಹರಿದ ಸೆಲ್ಲನ್ನು ಮಾರಲೇಬಾರದು.

ಅಂಕಿಗಳನ್ನು ನಂಬುವ ಮುನ್ನ

ಪ್ಯಾಕಿನ ಮೇಲೆ ಮುದ್ರಿಸಿದ ಸಾಮರ್ಥ್ಯವನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಸರಳ ಲೆಕ್ಕ ಸಾಕು. ಒಳ್ಳೆಯ ಕಂಪನಿಯ 18650 ಸೆಲ್ಲಿನ ಸಾಮರ್ಥ್ಯ ಹೆಚ್ಚೆಂದರೆ 3500 ಮಿಲಿ ಆಂಪಿಯರ್-ಅವರ್ ಆಸುಪಾಸು. ಅದೇ ಗಾತ್ರದ ಸೆಲ್ಲಿನ ಮೇಲೆ 9900 ಎಂದು ಬರೆದಿದ್ದರೆ ಅದು ಸುಳ್ಳೆಂದು ಹೇಳಲು ಹೆಚ್ಚಿನ ಸಾಕ್ಷ್ಯ ಬೇಡ. ಹಾಗೆಯೇ, 6 ಸೆಲ್‌ಗಳ 12 ವೋಲ್ಟ್ ಪ್ಯಾಕಿನಲ್ಲಿ ಮೂರರ ಎರಡು ಸಾಲುಗಳಿರುತ್ತವೆ. ಅದರ ಮೇಲೆ 12 ಆಂಪಿಯರ್-ಅವರ್ ಎಂದು ಮುದ್ರಿಸಿದ್ದರೆ ಒಂದೊಂದು ಸೆಲ್ 6000 ಮಿಲಿ ಆಂಪಿಯರ್-ಅವರ್ ಹೊಂದಿರಬೇಕಾಗುತ್ತದೆ, ಇದು ಅಸಾಧ್ಯ. ತೂಕವೂ ಸುಳಿವು ಕೊಡುತ್ತದೆ. ಉತ್ತಮ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ; ತೀರ ಹಗುರವಾದುದನ್ನು ಸಂಶಯದಿಂದ ನೋಡಬೇಕು.

ಸಾಗಿಸಬಹುದಾದ ಉಪಕರಣಗಳ ಲಿಥಿಯಂ ಸೆಲ್ ಹಾಗೂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯಿದೆ. ಅವುಗಳ ಮೇಲೆ ಮಾನಕ ಚಿಹ್ನೆ, ಐ.ಎಸ್. 16046 ಎಂಬ ಮಾನಕ ಸಂಖ್ಯೆ ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ಬ್ಯೂರೋದ 'ಬಿ.ಐ.ಎಸ್. ಕೇರ್' ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು. ಸಗಟು ಖರೀದಿಯ ಮುನ್ನ ಒಂದು ನಮೂನೆಯನ್ನು ಹೀಗೆ ಪರಿಶೀಲಿಸುವುದಕ್ಕೆ ಐದು ನಿಮಿಷ ಹಿಡಿಯದು.

ಬಿಸಿಲು, ಪತ್ರಾಸ್ ಶೆಡ್ ಮತ್ತು ಗಂಧಕ

ಲಿಥಿಯಂ-ಅಯಾನ್ ಸೆಲ್‌ಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಮಾತ್ರ ಚಾರ್ಜ್ ಮಾಡಬೇಕೆಂದು ತಯಾರಕರು ತಿಳಿಸುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಹೊರಗಿನ ಉಷ್ಣಾಂಶವೇ 40 ಡಿಗ್ರಿ ದಾಟುವಾಗ ಪತ್ರಾಸ್ ಶೆಡ್ಡಿನೊಳಗೆ ಅದು ಈ ಮಿತಿಯನ್ನು ಮೀರುವುದು ಕಷ್ಟವೇನಲ್ಲ. ಬಿಸಿಲಲ್ಲಿ ದುಡಿದು ಬಂದ ಪಂಪನ್ನು ಕೂಡಲೇ ಚಾರ್ಜಿಗೆ ಹಾಕದೆ, ನೆರಳಿನಲ್ಲಿ ಅರ್ಧ ಗಂಟೆಯಾದರೂ ತಣಿಯಲು ಬಿಡಬೇಕು. ಸಂಜೆ ತಂಪಾದ ಮೇಲೆ, ಜನ ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡುವುದು ಲೇಸು. ರಾತ್ರಿಯಿಡೀ ಬಿಟ್ಟು ಮಲಗುವುದು ತರವಲ್ಲ. ಹಂಗಾಮು ಮುಗಿದ ಮೇಲೆ ಲಿಥಿಯಂ ಪ್ಯಾಕನ್ನು ಅರ್ಧದಷ್ಟು ತುಂಬಿಸಿ ತಂಪಾದ ಸ್ಥಳದಲ್ಲಿಡಬೇಕು. ಸೀಸ-ಆಮ್ಲದ್ದನ್ನು ಪೂರ್ತಿ ತುಂಬಿಸಿಟ್ಟು ಆಗಾಗ ಮರುಚಾರ್ಜ್ ಮಾಡಬೇಕು.

ತಿಕೋಟಾ ಭಾಗದ ಒಣದ್ರಾಕ್ಷಿ ಉದ್ಯಮಕ್ಕೆ ಇನ್ನೊಂದು ಎಚ್ಚರಿಕೆ ಅಗತ್ಯ. ಒಣಗಿಸುವ ಶೆಡ್ಡುಗಳಲ್ಲಿ ನೆರಳು ಬಲೆ, ಪ್ಲಾಸ್ಟಿಕ್ ಹಾಳೆ, ಡಿಪ್ಪಿಂಗ್ ಆಯಿಲ್, ಗಂಧಕ ಇವೆಲ್ಲ ಸುಡುವ ವಸ್ತುಗಳೇ. ಕೃಷಿ ಪರಿಕರಗಳ ಅಂಗಡಿಯಲ್ಲಿಯೂ ಗಂಧಕದ ಚೀಲದ ಪಕ್ಕದಲ್ಲಿಯೇ ಬ್ಯಾಟರಿ ಚಾರ್ಜಿಗೆ ಹಾಕುವಂತಾಗಬಾರದು. ಚಾರ್ಜಿಂಗ್ ಸ್ಥಳ ಪ್ರತ್ಯೇಕವಾಗಿರಲಿ, ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲಿರಲಿ, ಬಾಗಿಲಿನ ದಾರಿಗೆ ಅಡ್ಡವಾಗದಿರಲಿ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಯೊಂದರಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಂತಸ್ತಿನ ವಸತಿಗೃಹಕ್ಕೆ ಏರಿ 8 ಜನರು ಪ್ರಾಣ ಕಳೆದುಕೊಂಡರು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ವರ್ತಕ ಕುಟುಂಬಗಳು ಈ ಘಟನೆಯನ್ನು ಮರೆಯಬಾರದು.

ಸಣ್ಣ ಬ್ಯಾಟರಿಗೆ ಬೆಂಕಿ ಹತ್ತಿದರೆ, ಸಾಧ್ಯವಾದರೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಜನರನ್ನು ಹೊರಗೆ ಕಳುಹಿಸಿ 112ಕ್ಕೆ ಕರೆ ಮಾಡಬೇಕು. ಲಿಥಿಯಂ ಬೆಂಕಿಯನ್ನು ಮುಚ್ಚಿ ಆರಿಸುವುದು ಕಷ್ಟ. ದೂರದಿಂದ ಹೇರಳ ನೀರು ಹಾಕಿ ತಣಿಸುವುದೇ ಉಪಾಯ. ಅದರ ಹೊಗೆ ವಿಷಕಾರಿಯಾದ್ದರಿಂದ ಸಮೀಪ ನಿಲ್ಲಬಾರದು.

ಪ್ಯಾಕ್ ಕಟ್ಟುವವರ ಹೊಣೆ

ಸೆಲ್ ತಂದು ಪ್ಯಾಕ್ ಕಟ್ಟಿ ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುವ ಕಿರು ಉದ್ದಿಮೆದಾರರು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ 'ಉತ್ಪಾದಕ'ರೆನಿಸುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಹಾಗೂ ಹಳೆಯ ಬ್ಯಾಟರಿಗಳ ಮರುಬಳಕೆಯ ಹೊಣೆ ಅವರ ಮೇಲಿರುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್‌ಗಳನ್ನು ಹೊಸದರೊಂದಿಗೆ ಬೆರೆಸಿ ಪ್ಯಾಕ್ ಕಟ್ಟುವುದು ಅಪಾಯಕಾರಿ. ದುರ್ಬಲ ಸೆಲ್ ಎಲ್ಲಕ್ಕಿಂತ ಮೊದಲೇ ತುಂಬಿ, ಮೊದಲೇ ಬರಿದಾಗಿ, ಕೊನೆಗೆ ಇಡೀ ಪ್ಯಾಕನ್ನೇ ಕೆಡಿಸುತ್ತದೆ. ಉಬ್ಬಿದ ಬ್ಯಾಟರಿಗಳನ್ನು ಮನೆಯ ಕಸಕ್ಕೆ ಹಾಕದೆ, ತುದಿಗಳಿಗೆ ಟೇಪ್ ಸುತ್ತಿ ಬೇರೆಯಾಗಿಟ್ಟು ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು.

ಇಷ್ಟೆಲ್ಲದರ ಆರಂಭ ಅಂಗಡಿಯಲ್ಲಿಯೇ ಆಗಬೇಕು. ಚಾರ್ಜರ್ ಕೇಳಿ ಬಂದ ಗ್ರಾಹಕನಿಗೆ ಹಳೆಯ ಬ್ಯಾಟರಿಯನ್ನೂ ತರಲು ಹೇಳುವುದು, ಅದರ ಜಾತಿಯನ್ನು ಓದುವುದು, ಚಾರ್ಜರಿನ ಒತ್ತಡವನ್ನು ಮಲ್ಟಿಮೀಟರಿನಲ್ಲಿ ಅಳೆಯುವುದು, ಬಿಲ್ಲಿನಲ್ಲಿ "12.6 ವೋಲ್ಟ್, ಲಿಥಿಯಂ ಬ್ಯಾಟರಿಗೆ ಮಾತ್ರ" ಎಂದು ಬರೆಯುವುದು — ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಆ ಒಂದು ಸಾಲು ನಾಳೆ ತಕರಾರು ಬಂದಾಗ ವರ್ತಕನಿಗೆ ಆಧಾರ. ರೈತನ ತೋಟದ ಮನೆಗೆ ಅದೇ ರಕ್ಷಣೆ.