ಹಳೆ ಮಾರುತಿಯ ಬ್ರೇಕಿಗೆ ಹೊಸ ಬಲ

ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರ ಜನವರಿ 18ರಂದು. ಆ ದಿನ ಕಾರ್ಖಾನೆಯಿಂದ ಹೊರಬಿದ್ದ ಗಾಡಿಗೂ ಈಗ ಹತ್ತು ವರ್ಷ ಮೀರಿದೆ. ಆದರೂ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಸಂಕೇಶ್ವರ, ಘಟಪ್ರಭಾ, ಗೋಕಾಕದ ಪೇಟೆಗಳಲ್ಲಿ ಸಂತೆಯ ದಿನ ಕಣ್ಣಾಡಿಸಿದರೆ ಕೆಎ 23, ಕೆಎ 49 ನಂಬರಿನ ಪುಟ್ಟ ಎಂಟುನೂರುಗಳು ಇನ್ನೂ ದುಡಿಯುತ್ತಿರುವುದು ಕಾಣುತ್ತದೆ. ಒಂದರ ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲ, ಇನ್ನೊಂದರಲ್ಲಿ ಬೀಗರ ಮನೆಗೆ ಹೊರಟ ಸಂಸಾರ. ಪೆಟ್ರೋಲು ಕಮ್ಮಿ ಕುಡಿಯುತ್ತದೆ, ಸಂದಿಯಲ್ಲೂ ತಿರುಗುತ್ತದೆ, ಸಾಮಾನು ಎಲ್ಲ ಕಡೆ ಸಿಗುತ್ತದೆ. ಇಂಥ ಗಾಡಿಯನ್ನು ಜನ ಮಾರಲು ಒಪ್ಪದಿರುವುದು ಸಹಜ.

ಪ್ರೀತಿಯಿಂದ ಇಟ್ಟುಕೊಂಡವರು ಖರ್ಚನ್ನೂ ಮಾಡುತ್ತಾರೆ. ಎಂಜಿನ್ ಬಿಚ್ಚಿ ಕಟ್ಟಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಹೊಸ ಸೀಟ್ ಕವರು, ಸ್ಪೀಕರು ಹಾಕಿಸುತ್ತಾರೆ. ಬ್ರೇಕಿನ ಮಾತು ಬಂದಾಗ ಮಾತ್ರ "ಹತ್ತತೈತಲ್ರೀ, ಸಾಕು ಬಿಡ್ರಿ" ಎಂಬ ಉತ್ತರ. ಬ್ರೇಕು ಹತ್ತುತ್ತದೆ ನಿಜ. ಎಷ್ಟು ದೂರಕ್ಕೆ ಹತ್ತುತ್ತದೆ, ನಾಲ್ಕು ಜನ ಕೂತಾಗ ಹತ್ತುತ್ತದೆಯೇ, ಇಳಿಜಾರಿನ ಕೊನೆಯಲ್ಲೂ ಹತ್ತುತ್ತದೆಯೇ ಎಂದು ಕೇಳುವವರು ಕಡಿಮೆ. ಹಳೆ ಕಾರಿಗೆ ಹಾಕುವ ಮೊದಲ ದುಡ್ಡು ಬ್ರೇಕಿನ ಹೈಡ್ರಾಲಿಕ್ಸಿಗೆ ಹೋಗಬೇಕು. ಅದರಲ್ಲೂ ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರಿಗಿಂತ ಮೊದಲು ರಬ್ಬರು, ಪೈಪು, ಆಯಿಲಿಗೆ ಹೋಗಬೇಕು.

ನಮ್ಮ ರಸ್ತೆಗಳೇ ಹಾಗೆ ಬದಲಾಗಿವೆ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿದಾಗ ಪುಣೆ–ಬೆಂಗಳೂರು ಹೆದ್ದಾರಿ ಎದುರುಬದುರು ವಾಹನ ಓಡುವ ಒಂದೇ ಪಟ್ಟಿ. ಈಗ ಅದೇ ದಾರಿ ರಾಷ್ಟ್ರೀಯ ಹೆದ್ದಾರಿ 48. ಸಂಕೇಶ್ವರ, ಹತ್ತರಗಿ, ಯಮಕನಮರಡಿ ದಾಟಿ ವಂಟಮುರಿ ಘಾಟಿನಲ್ಲಿ ಬೆಳಗಾವಿಯತ್ತ ಓಡುವ ಟ್ರಕ್ಕುಗಳ ನಡುವೆ 796 ಸಿಸಿ ಎಂಜಿನ್ನಿನ ಈ ಪುಟ್ಟ ಗಾಡಿಯೂ ಎಂಬತ್ತರ ವೇಗ ಹಿಡಿಯಲೇಬೇಕು. ಮುಂದೆ ಹೋಗುವ ಹೊಸ ಕಾರುಗಳಲ್ಲಿ 2019ರ ಏಪ್ರಿಲ್‌ನಿಂದ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ; ಅವು ಗಕ್ಕನೆ ನಿಂತರೆ ಹಿಂದಿನ ಎಂಟುನೂರೂ ಗಕ್ಕನೆ ನಿಲ್ಲಬೇಕು. ಇನ್ನು ಕಬ್ಬಿನ ಹಂಗಾಮು ಶುರುವಾದರೆ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಕಡೆ, ಗೋಕಾಕ, ಮೂಡಲಗಿಯ ಕಾರ್ಖಾನೆಗಳ ಕಡೆ ರಾತ್ರಿಯಿಡೀ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಎಷ್ಟೋ ಟ್ರೇಲರಿಗೆ ಹಿಂದೆ ಕೆಂಪು ದೀಪವಿಲ್ಲ. ಕತ್ತಲಲ್ಲಿ ಕಬ್ಬಿನ ಗರಿ ಹೆಡ್‌ಲೈಟಿಗೆ ಸಿಕ್ಕಾಗ ನಮಗೆ ಉಳಿದಿರುವ ಅಂತರ ಹತ್ತಿಪ್ಪತ್ತು ಮಾರು ಅಷ್ಟೆ.

ಲೆಕ್ಕ ನೋಡಿ. ಒಳ್ಳೆಯ ಟೈರು, ಒಣ ಡಾಂಬರು, ನಾಲ್ಕೂ ಚಕ್ರ ಪೂರ್ತಿ ಹಿಡಿಯುವ ಬ್ರೇಕು ಇದ್ದರೆ 60 ಕಿ.ಮೀ. ವೇಗದ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು. 80ರಲ್ಲಿ ಅದು 36 ಮೀಟರ್. ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗುವ 22 ಮೀಟರ್ ಬೇರೆ. ಬ್ರೇಕು ಮುಕ್ಕಾಲು ಪಾಲು ಮಾತ್ರ ಹಿಡಿದರೆ ಆ 36 ಮೀಟರ್ 48 ಆಗುತ್ತದೆ. ಹೆಚ್ಚಾದ ಹನ್ನೆರಡು ಮೀಟರ್ ಎಂದರೆ ಮೂರು ಕಾರುಗಳ ಉದ್ದಕ್ಕಿಂತ ಹೆಚ್ಚು.

ನಿಲ್ಲಿಸುವುದೆಂದರೆ ಓಟದ ಶಕ್ತಿಯನ್ನೆಲ್ಲ ಬಿಸಿಯಾಗಿ ಮಾಡುವುದು. ಖಾಲಿ ಗಾಡಿ ಸುಮಾರು 650 ಕೆ.ಜಿ.; ನಾಲ್ಕು ಜನ, ಗಂಟುಮೂಟೆ ಸೇರಿ 950 ಕೆ.ಜಿ. ಎಂದಿಟ್ಟುಕೊಳ್ಳಿ. 80ರ ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಬಿಸಿಗೆ ಮುಕ್ಕಾಲು ಲೀಟರ್ ತಣ್ಣೀರು ಕುದಿಯುತ್ತದೆ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಅಂಬೋಲಿ ಘಾಟ್ ಇಳಿದು ಸಾವಂತವಾಡಿಗೋ ಗೋವೆಗೋ ಹೋಗುವವರು ನಮ್ಮಲ್ಲಿ ಬಹಳ. ಆ ಘಾಟಿನಲ್ಲಿ ಪ್ರತಿ 100 ಮೀಟರ್ ಎತ್ತರ ಇಳಿದಾಗ ಇದೇ ಗಾಡಿ ಬಿಟ್ಟುಕೊಡುವ ಶಕ್ತಿ ಮೂರು ಲೀಟರ್ ನೀರು ಕುದಿಸುವಷ್ಟು. ಗೇರಿನಲ್ಲಿ ಇಳಿದರೆ ಎಂಜಿನ್ ಒಂದಷ್ಟು ತಡೆಯುತ್ತದೆ. ಪೆಟ್ರೋಲು ಉಳಿಯಲೆಂದು ನ್ಯೂಟ್ರಲ್ ಮಾಡಿದರೆ ಅಷ್ಟೂ ಭಾರ ಪ್ಯಾಡು, ಲೈನರಿನ ಮೇಲೆ ಬೀಳುತ್ತದೆ. ಅಲ್ಲಿಂದ ಬಿಸಿ ಕ್ಯಾಲಿಪರಿಗೆ, ಕ್ಯಾಲಿಪರಿನಿಂದ ಆಯಿಲಿಗೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವ ದ್ರವ. ಹೋಸ್ ಪೈಪಿನ ರಬ್ಬರಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಮಳೆಗಾಲದ ತೇವ ಒಳಗಿಳಿಯುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಘಾಟಿನ ಇಳಿಜಾರಿನಲ್ಲಿ ಹಳೆ ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲು ಸ್ಪಂಜಿನಂತೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಗ್ಯಾರೇಜಿಗೆ ತಂದು ನೋಡುವಷ್ಟರಲ್ಲಿ ಎಲ್ಲ ತಣ್ಣಗಾಗಿ ಬ್ರೇಕು ಮತ್ತೆ ಸರಿಯಾಗಿಯೇ ಇರುತ್ತದೆ! "ಬ್ರೇಕ್ ಫೇಲ್" ಎಂದು ನಾವು ಪತ್ರಿಕೆಯಲ್ಲಿ ಓದುವ ಎಷ್ಟೋ ಅಪಘಾತಗಳ ಹಿಂದೆ ಹೀಗೊಂದು ಕಪ್ಪಾದ, ವರ್ಷಗಟ್ಟಲೆ ಬದಲಿಸದ ಆಯಿಲ್ ಇರಬಹುದು ಎಂಬುದು ನನ್ನ ಅನುಮಾನ.

ಆದ್ದರಿಂದ ಮೊದಲ ಸುಧಾರಣೆ ಇಲ್ಲೇ: ಹಳೆಯದನ್ನು ಪೂರ್ತಿ ಹೊರತೆಗೆದು ಡಾಟ್ 4 ತುಂಬುವುದು, ಎರಡು ವರ್ಷಕ್ಕೊಮ್ಮೆ ಬದಲಿಸುವುದು. ಡಾಟ್ 3 ಇದ್ದ ಕಡೆ ಡಾಟ್ 4 ಹಾಕಬಹುದು. ಡಾಟ್ 5 ಮಾತ್ರ ಸಿಲಿಕೋನ್ ಜಾತಿಯದು, ಇವುಗಳ ಜತೆ ಬೆರೆಸುವಂತಿಲ್ಲ. ಸಣ್ಣ ಸೀಲ್ ಡಬ್ಬಿಯನ್ನೇ ಕೊಳ್ಳಿ. ಗ್ಯಾರೇಜಿನ ಮೂಲೆಯಲ್ಲಿ ಬಾಯಿ ತೆರೆದು ಕೂತ ಅರ್ಧ ಡಬ್ಬಿ ಆಗಲೇ ತೇವ ಕುಡಿದಿರುತ್ತದೆ.

ಈಗ ಪೆಡಲು ಒತ್ತಿದಾಗ ಆ ಆಯಿಲಿನಲ್ಲಿ ಹುಟ್ಟುವ ಒತ್ತಡದ ವಿಷಯ. ಹೋಲಿಕೆಗೆ ಗೋಕಾಕ ಜಲಪಾತವನ್ನು ನೋಡಿ, ಅದು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಅಷ್ಟೆತ್ತರದ ಕೊಳವೆಯಲ್ಲಿ ನೀರು ತುಂಬಿದರೆ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಐದು ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ. ಘಟಪ್ರಭಾ ನದಿಯ ಈ ಬಲದಿಂದಲೇ 1887ರ ಹೊತ್ತಿಗೆ ಅಲ್ಲಿ ಹತ್ತಿಯ ಗಿರಣಿ ತಿರುಗಿತ್ತು. ಎಂಟುನೂರಿನ ಪೆಡಲನ್ನು 30 ಕೆ.ಜಿ. ಬಲದಿಂದ ಒತ್ತಿದಿರಿ ಎಂದುಕೊಳ್ಳೋಣ. ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿತು. ಪೆಡಲು ತಳ್ಳಿದಾಗ ಆಯಿಲನ್ನು ಒತ್ತುವ 20 ಮಿ.ಮೀ. ವ್ಯಾಸದ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ ಚದರ ಸೆಂಟಿಮೀಟರಿಗೆ 38 ಕೆ.ಜಿ. ಜಲಪಾತದ ಬುಡದ ಒತ್ತಡಕ್ಕಿಂತ ಏಳು ಪಟ್ಟು ಹೆಚ್ಚು. ಇಷ್ಟನ್ನೂ ತಡೆದು ನಿಲ್ಲಿಸುವುದು ಬೆರಳಿನ ಉಂಗುರದಷ್ಟು ದೊಡ್ಡ ರಬ್ಬರ್ ವಾಷರು, ಕೈಯುದ್ದದ ಹೋಸ್ ಪೈಪು.

ಸೋರಿಕೆಯ ಕಾಟ ಈ ಬ್ರೇಕಿಗೆ ಹುಟ್ಟಿನಿಂದಲೇ ಇದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಹೈಡ್ರಾಲಿಕ್ ಬ್ರೇಕಿಗೆ 1917ರಲ್ಲಿ ಪೇಟೆಂಟ್ ಪಡೆದಾಗ ಅದರೊಳಗೆ ಇದ್ದದ್ದು ಚರ್ಮದ ವಾಷರು. ಅದು ಸೋರುತ್ತಿತ್ತು. ಕ್ರೈಸ್ಲರ್ ಕಂಪನಿಯ ಎಂಜಿನಿಯರುಗಳು ರಬ್ಬರಿನದು ಮಾಡಿ 1924ರ ತಮ್ಮ ಕಾರಿಗೆ ಹಾಕಿದ ಮೇಲೆ ಈ ಬ್ರೇಕು ಊರೂರಿಗೆ ಹರಡಿತು. ನೂರು ವರ್ಷವಾದರೂ ಇಡೀ ವ್ಯವಸ್ಥೆಯ ಬಲ ಇರುವುದು ಆ ರಬ್ಬರಿನ ತುಟಿಯಲ್ಲೇ.

ಆ ತುಟಿ ಒಣಗಿದರೆ, ಸೀಳಿದರೆ ಪೆಡಲು ಹೇಳುತ್ತದೆ. ಗಾಡಿ ನಿಲ್ಲಿಸಿ, ಪೆಡಲನ್ನು ಮೆಲ್ಲಗೆ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಕಾಲು ತಾನಾಗಿ ಕೆಳಗಿಳಿಯುತ್ತ ಹೋದರೆ, ಹೊರಗೆಲ್ಲೂ ಹನಿ ಕಾಣದಿದ್ದರೆ ಮಾಸ್ಟರಿನ ಒಳಗಿನ ವಾಷರು ಸೋತಿದೆ. ಆಯಿಲ್ ಮಟ್ಟ ಮೇಲಿಂದ ಮೇಲೆ ಇಳಿಯುತ್ತಿದ್ದರೆ ಹಿಂದಿನ ಚಕ್ರದ ಡ್ರಮ್ ಬಿಚ್ಚಿಸಿ. ವೀಲ್ ಸಿಲಿಂಡರ್ ಸೋರಿ ಲೈನರು ನೆನೆದಿರುತ್ತದೆ. ಒಂದೇ ಚಕ್ರ ಬಿಸಿಯಾಗುತ್ತಿದೆ, ಗಾಡಿ ಒಂದು ಕಡೆ ಎಳೆಯುತ್ತಿದೆ ಎಂದರೆ ಆ ಕಡೆಯ ಹೋಸ್ ಪೈಪನ್ನು ಅನುಮಾನಿಸಿ. ಹೊರಗೆ ನೆಟ್ಟಗೆ ಕಾಣುವ ಪೈಪು ಒಳಗೆ ಉಬ್ಬಿ, ಹೋದ ಆಯಿಲನ್ನು ವಾಪಸು ಬಿಡದೆ ಹಿಡಿದಿಟ್ಟಿರುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯಲ್ಲಿ ಇವನ್ನು ಒಂದೊಂದಾಗಿ ಬದಲಿಸುವುದಕ್ಕಿಂತ ಮಾಸ್ಟರ್, ಹಿಂದಿನ ಎರಡು ವೀಲ್ ಸಿಲಿಂಡರ್, ಕ್ಯಾಲಿಪರಿನ ಸೀಲು, ಹೋಸುಗಳು ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡಿಸುವುದು ಲೇಸು. ಒಂದು ಕಡೆ ಗಟ್ಟಿಯಾದರೆ ಪೂರ್ತಿ ಒತ್ತಡ ಉಳಿದ ಹಳೆಯದರ ಮೇಲೆ ಬೀಳುತ್ತದೆ, ಅದೂ ಕೈಕೊಡುತ್ತದೆ. ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ರಬ್ಬರಿನ ಕಿಟ್ ಹಾಕಿ ಉಪಯೋಗವಿಲ್ಲ, ಇಡೀ ಸಿಲಿಂಡರೇ ಹೊಸದಾಗಬೇಕು.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಬಿಚ್ಚಿದ ಸಾಮಾನನ್ನು ಪೆಟ್ರೋಲು, ಡೀಸೆಲ್ಲಿನಲ್ಲಿ ತೊಳೆಯುವ ರೂಢಿ ಇದೆ. ಎಂಜಿನ್ನಿಗೆ ಅದು ಸರಿ, ಬ್ರೇಕಿನ ರಬ್ಬರಿಗೆ ಅದು ವಿಷ. ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ತೊಳೆಯಲು ಹೊಸ ಬ್ರೇಕ್ ಆಯಿಲನ್ನೇ ಬಳಸಬೇಕು. ನಿಮ್ಮ ಮಿಸ್ತ್ರಿ ಹಳಬರಾಗಿದ್ದರೂ ಇದನ್ನು ಸಂಕೋಚವಿಲ್ಲದೆ ಕೇಳಿ, ಎದುರಿಗೆ ನಿಂತು ನೋಡಿ.

ಸಾಮಾನು ಕೂಡಿಸಿದ ಮೇಲೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಮಿಸ್ತ್ರಿ ಚಕ್ರದ ಬಳಿ ನಿಪ್ಪಲಿಗೆ ಪಾನಾ ಹಾಕಿ ಕೂರುತ್ತಾರೆ, ಮಾಲೀಕರೋ ಗ್ಯಾರೇಜಿನ ಹುಡುಗನೋ ಪೆಡಲಿನ ಮೇಲೆ. "ಪಂಪ್ ಹೊಡೀರಿ ಸಾವಕಾರ್ರ... ಇನ್ನೊಮ್ಮೆ... ಹಾಂ, ಒತ್ತಿ ಹಿಡೀರಿ, ಬಿಡಬ್ಯಾಡ್ರಿ!" ನಿಪ್ಪಲ್ ಸಡಿಲಾದಾಗ ಗುಳ್ಳೆಯ ಜತೆ ಕಪ್ಪು ಆಯಿಲ್ ಚಿಮ್ಮುತ್ತದೆ, ನಿಪ್ಪಲ್ ಬಿಗಿದ ಮೇಲೆಯೇ ಕಾಲು ಎತ್ತಬೇಕು. ಮಾಸ್ಟರ್ ಹಳೆಯದೇ ಇದ್ದರೆ ಪೆಡಲಿನ ಅಡಿ ಒಂದು ಕಟ್ಟಿಗೆಯ ತುಂಡು ಇಡಿಸಿ. ದಿನನಿತ್ಯದ ಓಡಾಟದಲ್ಲಿ ವಾಷರು ಮುಟ್ಟದ ಸಿಲಿಂಡರಿನ ತುದಿಯಲ್ಲಿ ತುಕ್ಕು ಕೂತಿರುತ್ತದೆ. ಪೆಡಲು ನೆಲ ಮುಟ್ಟಿದರೆ ವಾಷರು ಅಲ್ಲಿಗೆ ಹೋಗಿ ಹರಿಯುತ್ತದೆ. ನಿನ್ನೆ ತನಕ ಸರಿಯಿದ್ದ ಬ್ರೇಕು ಗಾಳಿ ತೆಗೆಸಿದ ಮೇಲೆಯೇ ಕೆಟ್ಟಿತು ಎಂಬ ದೂರಿನ ಮೂಲ ಬಹಳ ಸಲ ಇದೇ.

ಇಷ್ಟಾದ ಮೇಲೆ ನಿಜವಾದ ಬಲವರ್ಧನೆ ಬೂಸ್ಟರು. ಹಳೆಯ ಎಷ್ಟೋ ಎಂಟುನೂರುಗಳಲ್ಲಿ ಅದಿಲ್ಲ, ಕಾಲಿನ ಬಲವೇ ಬಂಡವಾಳ. ಮೊಣಕಾಲು ನೋವಿನ ಹಿರಿಯರು, ತೆಳ್ಳಗಿನ ಹೆಣ್ಣುಮಕ್ಕಳು ಗಾಡಿ ಓಡಿಸುವ ಮನೆಯಲ್ಲಿ ಇದು ದೊಡ್ಡ ಕೊರತೆ. ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರು ಅದೇ ಕಾಲಿನ ಬಲವನ್ನು ಹಲವು ಪಟ್ಟು ಮಾಡುತ್ತದೆ. ಇದೇ ಕಾರಿನ ಬೂಸ್ಟರಿರುವ ಮಾದರಿಯಿಂದ ಬೂಸ್ಟರು, ಅದರ ಮಾಸ್ಟರು, ಬ್ರ್ಯಾಕೆಟ್ಟು, ನಿರ್ವಾತದ ಪೈಪು, ಒಮ್ಮುಖ ವಾಲ್ವು ಎಲ್ಲವನ್ನೂ ಜೋಡಿಯಾಗಿಯೇ ತರಬೇಕು. ಪುಶ್ ರಾಡಿನ ಅಳತೆ ಕೂದಲೆಳೆಯಷ್ಟು ಉದ್ದವಾದರೂ ಮಾಸ್ಟರಿನೊಳಗಿನ ವಾಪಸು ರಂಧ್ರ ಮುಚ್ಚಿಕೊಂಡು, ಓಡುತ್ತ ಓಡುತ್ತ ಬ್ರೇಕು ತಾನಾಗಿ ಬಿಗಿಯುತ್ತದೆ. ಕೂಡಿಸಿದ ಮೇಲೆ ಪರೀಕ್ಷೆ ಸುಲಭ: ಎಂಜಿನ್ ಆರಿಸಿ ನಾಲ್ಕೈದು ಸಲ ಪಂಪ್ ಮಾಡಿ, ಗಟ್ಟಿಯಾದ ಪೆಡಲನ್ನು ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿ, ಪೆಡಲು ಕೊಂಚ ಕೆಳಗಿಳಿದರೆ ಬೂಸ್ಟರು ಜೀವಂತ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಉರುಳುವ ಚಟ ಇದ್ದವರು ಅದನ್ನು ಇಲ್ಲಿಗೇ ಬಿಡಬೇಕು. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬೂಸ್ಟರಿನ ಬಲ ಮುಗಿಯುತ್ತದೆ.

ದೊಡ್ಡ ಕಾರಿನ ಮಾಸ್ಟರ್ ತಂದು ಹಾಕುವ ಆಸೆ ಕೆಲವರಿಗೆ. ಪೆಡಲು ಗಟ್ಟಿಯಾಯಿತು, ಬ್ರೇಕು ಜೋರಾಯಿತು ಎಂದು ಸಂತೋಷಪಡುತ್ತಾರೆ. ಆಗಿರುವುದು ತದ್ವಿರುದ್ಧ. 20ರ ಬದಲು 22 ಮಿ.ಮೀ. ಮಾಸ್ಟರ್ ಹಾಕಿದರೆ ಅಷ್ಟೇ ಒತ್ತಡಕ್ಕೆ ಕಾಲು ಶೇ. 21ರಷ್ಟು ಹೆಚ್ಚು ಬಲ ಹಾಕಬೇಕು. ಹಾಗೆಂದು ಕ್ಯಾಲಿಪರ್ ದೊಡ್ಡದು ಮಾಡಿ ಮಾಸ್ಟರ್ ಹಾಗೇ ಬಿಟ್ಟರೆ ಹಿಡಿತ ಹೆಚ್ಚುತ್ತದೆ, ಪೆಡಲು ಮಾತ್ರ ನೆಲದ ಹತ್ತಿರಕ್ಕೆ ಹೋಗುತ್ತದೆ. ಎರಡನ್ನೂ ಲೆಕ್ಕ ಹಾಕಿ ಕೂಡಿಸುವವರು ಸಿಗುವ ತನಕ ಕಂಪನಿಯ ಅಳತೆಯನ್ನು ಮುಟ್ಟದಿರುವುದೇ ಒಳ್ಳೆಯದು. ಡಿಸ್ಕಿನ ಗಾತ್ರಕ್ಕೂ ಮಿತಿ ಇದೆ, ಗಾಡಿಯ ಚಕ್ರವೇ 12 ಇಂಚಿನದು. ಹಿಂದಿನ ಬ್ರೇಕನ್ನು ಜೋರು ಮಾಡುವುದಂತೂ ಅಪಾಯ. ನಿಲ್ಲುವಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಆ ಹೊತ್ತಿನಲ್ಲಿ ಅವು ಮೊದಲು ಬಿಗಿದುಕೊಂಡರೆ ಗಾಡಿ ಅಡ್ಡ ತಿರುಗುತ್ತದೆ. ಹಿಂದೆ ಮಾಡಬೇಕಾದ್ದು ಇಷ್ಟೇ: ಡ್ರಮ್ಮಿನ ಮೇಲೆ ಅಚ್ಚಾದ ಮಿತಿ ದಾಟದಂತೆ ಲೇತಿಗೆ ಹಾಕಿಸಿ, ಬ್ರೇಕ್ ಶೂ ಹೊಂದಿಸಿ. ಪೆಡಲು ತಗ್ಗಿದ್ದಕ್ಕೆ ಗಾಳಿಯನ್ನು ದೂರುವವರು ಬಹಳ, ಅಸಲಿಗೆ ಶೂ ಸವೆದು ಡ್ರಮ್ಮಿಗೆ ದೂರವಾಗಿರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಿಸ್ತ್ರಿಯ ಪುಪ್ಪುಸವೂ ಉಳಿಯುತ್ತದೆ.

ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ ಐದೈದು ವರ್ಷಕ್ಕೆ ನವೀಕರಣ. ಆರ್‌ಟಿಒ ಕಚೇರಿಗೆ ಹೋಗುವ ಮುನ್ನ ಎಲ್ಲರೂ ಬಂಪರು, ದೀಪ ಸರಿಮಾಡಿಸುತ್ತಾರೆ. ಅದೇ ವಾರದಲ್ಲಿ ಬ್ರೇಕಿನ ಈ ಕೆಲಸವನ್ನೂ ಮುಗಿಸಬಹುದು. ಮಳೆ ನಿಂತು ಕಬ್ಬಿನ ಹಂಗಾಮು ಶುರುವಾಗುವ ಮೊದಲಾದರೆ ಇನ್ನೂ ಮೇಲು.

ಮುಗಿದ ಮೇಲೆ ನೇರ ಹೆದ್ದಾರಿಗೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ 30ರ ವೇಗದಿಂದ ಶುರುಮಾಡಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಹತ್ತಾರು ಸಲ ಮೆಲ್ಲಗೆ ಒತ್ತಿ, ನಡುನಡುವೆ ತಣಿಯಲು ಬಿಡಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಅಷ್ಟು ಬೇಕು. ಸ್ಟೀರಿಂಗ್ ಸಡಿಲ ಹಿಡಿದಾಗಲೂ ಗಾಡಿ ನೆಟ್ಟಗೆ ನಿಲ್ಲಬೇಕು. ಆಮೇಲೆ ಕೆಳಗಿಳಿದು ನಾಲ್ಕೂ ಚಕ್ರದ ಹತ್ತಿರ ಮುಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಮುಂದಿನೆರಡು ಒಂದೇ ಸಮ ಬಿಸಿ, ಹಿಂದಿನೆರಡು ಒಂದೇ ಸಮ ಬೆಚ್ಚಗೆ ಇದ್ದರೆ ಕೆಲಸ ಸರಿಯಾಗಿದೆ. ಒಂದು ಚಕ್ರ ತಣ್ಣಗೇ ಉಳಿದಿದ್ದರೆ ಗಾಡಿಯನ್ನು ಮತ್ತೆ ಗ್ಯಾರೇಜಿಗೆ ತಿರುಗಿಸಿ, ಆ ಚಕ್ರವನ್ನು ಇನ್ನೊಮ್ಮೆ ಬಿಚ್ಚಿಸಿ.